ಎಸ್‌ಪ್ರೆಸೊ ಗ್ರೈಂಡರ್‌ಗೆ ಎಷ್ಟು ಖರ್ಚು ಮಾಡಬೇಕು?

ಮನೆಯಲ್ಲೇ ಎಸ್‌ಪ್ರೆಸೊ ಮಾಡಿಕೊಳ್ಳಬೇಕೆಂದು ಹೊರಟ ಸ್ನೇಹಿತರು ನನ್ನನ್ನು ಮೊದಲು ಕೇಳುವುದು ಯಾವ ಯಂತ್ರ ಕೊಳ್ಳಬೇಕು ಎಂದು. ಯಂತ್ರಕ್ಕೆ ನಲವತ್ತೋ ಐವತ್ತೋ ಸಾವಿರ ಎತ್ತಿಟ್ಟು, ಬೀಜ ಪುಡಿ ಮಾಡುವ ಗ್ರೈಂಡರ್ ವಿಷಯ ಬಂದಾಗ ‘ಅದಕ್ಕೆ ಯಾವುದೋ ಒಂದು ಆದೀತು’ ಎನ್ನುವವರೇ ಹೆಚ್ಚು. ಇನ್ನೊಂದು ತುದಿಯಲ್ಲಿ, ಯೂಟ್ಯೂಬ್ ನೋಡಿ ನೋಡಿ ಲಕ್ಷ ರೂಪಾಯಿ ದಾಟುವ ಗ್ರೈಂಡರ್ ಇಲ್ಲದೆ ಎಸ್‌ಪ್ರೆಸೊ ಆಗುವುದೇ ಇಲ್ಲ ಎಂದು ನಂಬಿದವರಿದ್ದಾರೆ. ನನ್ನ ಅಭಿಪ್ರಾಯ ಇವೆರಡಕ್ಕೂ ಒಪ್ಪುವುದಿಲ್ಲ. ಒಟ್ಟು ಬಜೆಟ್ಟಿನ ಅರ್ಧದಷ್ಟನ್ನಾದರೂ ಗ್ರೈಂಡರ್‌ಗೆ ಇಡಬೇಕು; ಆದರೆ ಆ ಹಣ ಪುಡಿಯ ನುಣುಪನ್ನು ಹೊಂದಿಸುವ ಸೂಕ್ಷ್ಮತೆಗೆ ಹೋಗಬೇಕೇ ಹೊರತು ಬರ್‌ನ, ಅಂದರೆ ಬೀಜ ಅರೆಯುವ ಹಲ್ಲುಳ್ಳ ಉಕ್ಕಿನ ಚಕ್ರದ, ಗಾತ್ರಕ್ಕೂ ಕಂಪನಿಯ ಹೆಸರಿಗೂ ಅಲ್ಲ. ಹಾಲು ಬೆರೆಸಿ ಕುಡಿಯುವ ಮನೆಗಳಲ್ಲಂತೂ, ಮತ್ತು ಬೆಂಗಳೂರಿನ ಬಹುಪಾಲು ಮನೆಗಳು ಅಂಥವೇ, ಒಂದು ಮಟ್ಟದ ಮೇಲೆ ಸುರಿದ ದುಡ್ಡು ಲೋಟದಲ್ಲಿ ಕಾಣಿಸುವುದಿಲ್ಲ.

ಗ್ರೈಂಡರ್ ಏಕೆ ಇಷ್ಟು ಮುಖ್ಯ ಎಂಬುದಕ್ಕೆ ಕಾರಣ ಸರಳವಾದ ಭೌತಶಾಸ್ತ್ರದಲ್ಲಿದೆ. ಸಾಮಾನ್ಯವಾಗಿ 18 ಗ್ರಾಂ ಪುಡಿಯನ್ನು ಬಾಸ್ಕೆಟ್‌ನಲ್ಲಿ, ಅಂದರೆ ತಳದಲ್ಲಿ ತೂತುಗಳಿರುವ ಪುಟ್ಟ ಲೋಹದ ಬಟ್ಟಲಿನಲ್ಲಿ, ಒತ್ತಿ, ಸುಮಾರು 9 ಬಾರ್ ಒತ್ತಡದಲ್ಲಿ ಬಿಸಿನೀರು ಹಾಯಿಸಿ, 25ರಿಂದ 30 ಸೆಕೆಂಡಿನಲ್ಲಿ 36 ಗ್ರಾಂನಷ್ಟು ಕಾಫಿ ಇಳಿಸುತ್ತೇವೆ; ಇದೇ ಒಂದು ಶಾಟ್. ಆ ನೀರನ್ನು ತಡೆದು ನಿಲ್ಲಿಸುವುದು ಪುಡಿಯ ಹಾಸಿಗೆಯೊಂದೇ. ಯಂತ್ರದಲ್ಲಿ ಅದಕ್ಕೆ ಬೇರೆ ನಲ್ಲಿಯಿಲ್ಲ. ಉಳಿದೆಲ್ಲ ಹಾಗೆಯೇ ಇದ್ದು ಕಣದ ಗಾತ್ರ ಅರ್ಧವಾದರೆ, ನೀರು ನುಸುಳಿ ಹೋಗುವ ಸಲೀಸು ಅರ್ಧವಾಗುವುದಿಲ್ಲ, ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ನಮ್ಮ ಸ್ಟೀಲ್ ಫಿಲ್ಟರ್‌ನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಅಲ್ಲಿ ನೀರು ತನ್ನ ಭಾರದಲ್ಲಿ ತಾನೇ ಇಳಿಯುತ್ತದೆ, ಪುಡಿ ತುಸು ತರಿಯಾದರೂ ಡಿಕಾಕ್ಷನ್ ತುಸು ತೆಳ್ಳಗಾಗುತ್ತದೆ, ಅಷ್ಟೇ. ಎಸ್‌ಪ್ರೆಸೊದಲ್ಲಿ ಅಷ್ಟೇ ಅಂತರ ಒಂದು ಶಾಟನ್ನು ಹುಳಿ ನೀರನ್ನಾಗಿಯೋ ಕಹಿ ಕಷಾಯವನ್ನಾಗಿಯೋ ಮಾಡಿಬಿಡುತ್ತದೆ.

ಮಲ್ಲೇಶ್ವರದಲ್ಲೋ ಗಾಂಧಿ ಬಜಾರಿನಲ್ಲೋ ಕಣ್ಣೆದುರೇ ಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿಗಳಿರುವಾಗ ಅಲ್ಲೇ ನುಣ್ಣಗೆ ಮಾಡಿಸಿ ತಂದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು. ಆ ಅಂಗಡಿಗಳ ಪುಡಿಯ ಬಗ್ಗೆ ನನಗೆ ದೂರಿಲ್ಲ, ಬೆಳಗಿನ ಮೊದಲ ಲೋಟ ನಮ್ಮ ಮನೆಯಲ್ಲಿ ಇವತ್ತಿಗೂ ಅದರದ್ದೇ. ಆದರೆ ಎಸ್‌ಪ್ರೆಸೊಗೆ ಸರಿಯಾದ ನುಣುಪು ಎಂಬುದು ಬೀಜಕ್ಕೊಂದು, ಹುರಿತಕ್ಕೊಂದು, ಯಂತ್ರಕ್ಕೊಂದು ಇರುತ್ತದೆ. ಒಂದೇ ಪೊಟ್ಟಣದ ಬೀಜವೂ ಒಡೆದ ದಿನ ಒಂದು ಬಗೆ, ಹತ್ತು ದಿನ ಕಳೆದು ಒಳಗಿನ ಅನಿಲ ಹೊರಹೋದ ಮೇಲೆ ಇನ್ನೊಂದು ಬಗೆ. ಆಗ ಸ್ವಲ್ಪ ಇನ್ನೂ ನುಣ್ಣಗೆ ಮಾಡಬೇಕಾಗುತ್ತದೆ. ಪುಡಿ ಮಾಡಿಸಿ ತಂದ ಮೇಲೆ ಇದನ್ನು ತಿದ್ದುವ ದಾರಿಯಿಲ್ಲ. ಕಡಿಮೆ ಬೆಲೆಯ ಯಂತ್ರಗಳ ಜೊತೆ ಬರುವ ಎರಡು ತಳದ ಬಾಸ್ಕೆಟ್‌ಗಳು, ತಳದಲ್ಲಿ ಒಂದೇ ಒಂದು ಸಣ್ಣ ತೂತಿನ ಮೂಲಕ ಕಾಫಿಯನ್ನು ಹೊರಗೆ ಬಿಟ್ಟು, ಎಂಥ ಪುಡಿ ಹಾಕಿದರೂ ನೊರೆ ಬರಿಸುತ್ತವೆ. ಅದನ್ನು ನೋಡಿ ಗ್ರೈಂಡರ್ ಬೇಕಾಗಿಲ್ಲ ಎಂದುಕೊಂಡವರು, ಮಾಮೂಲಿ ಬಾಸ್ಕೆಟ್ ಹಾಕಿದ ದಿನ ಗ್ರೈಂಡರ್ ಹುಡುಕಲು ಶುರು ಮಾಡುತ್ತಾರೆ.

ಹಾಗಾದರೆ ದುಬಾರಿ ಗ್ರೈಂಡರ್ ಯಾವುದಕ್ಕೆ ದುಬಾರಿಯಾಗಿರಬೇಕು? ಎರಡು ಬರ್‌ಗಳ ನಡುವಿನ ಅಂತರವನ್ನು ಎಷ್ಟು ಚಿಕ್ಕ ಚಿಕ್ಕ ಹೆಜ್ಜೆಗಳಲ್ಲಿ ಬದಲಿಸಬಹುದು, ಬದಲಿಸಿದ್ದು ಅಲ್ಲೇ ನಿಲ್ಲುತ್ತದೆಯೇ, ಹಿಂದಿನ ಗುರುತಿಗೆ ಮರಳಿದರೆ ಹಿಂದಿನ ಶಾಟ್ ಮತ್ತೆ ಬರುತ್ತದೆಯೇ ಎಂಬುದಕ್ಕೆ. ಕೈಯಲ್ಲಿ ತಿರುಗಿಸುವ ಗ್ರೈಂಡರ್‌ಗಳಲ್ಲಿ ಜರ್ಮನಿಯ ಕಮಾಂಡಾಂಟೆ ಸಿ40 ಬಹಳ ಹೆಸರುವಾಸಿ, ಪೋರ್‌ಓವರ್‌ಗೆ, ಅಂದರೆ ಫಿಲ್ಟರ್‌ನಲ್ಲಿಟ್ಟ ಪುಡಿಯ ಮೇಲೆ ನೀರು ಸುರಿದು ಇಳಿಸುವ ಕಾಫಿಗೆ, ಸೊಗಸಾದದ್ದು. ಆದರೆ ಅದರ ಒಂದು ಕ್ಲಿಕ್, ಅಂದರೆ ಒಂದು ಹೆಜ್ಜೆ, ಸುಮಾರು 30 ಮೈಕ್ರಾನ್; ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಒಂದು ಕ್ಲಿಕ್‌ನಲ್ಲಿ ಶಾಟ್ 18 ಸೆಕೆಂಡಿಗೆ ಓಡಿಹೋದರೆ, ಮುಂದಿನ ಕ್ಲಿಕ್‌ನಲ್ಲಿ ತೊಟ್ಟಿಕ್ಕುತ್ತಾ 40 ದಾಟುವುದುಂಟು. ನಡುವೆ ಏನೂ ಇಲ್ಲ. ಇದಕ್ಕಾಗಿಯೇ ಆ ಹೆಜ್ಜೆಯನ್ನು ಅರ್ಧ ಮಾಡುವ ಬಿಡಿಭಾಗವನ್ನು ಪ್ರತ್ಯೇಕವಾಗಿ ಮಾರುತ್ತಾರೆ. ಒನ್‌ಜ಼ೆಡ್‌ಪ್ರೆಸೊ ಜೆ-ಅಲ್ಟ್ರಾ ಎಂಬ ಇನ್ನೊಂದು ಕೈ ಗ್ರೈಂಡರ್‌ನಲ್ಲಿ ಒಂದು ಕ್ಲಿಕ್ 8 ಮೈಕ್ರಾನ್. ಬರಾಟ್ಜಾ ಕಂಪನಿಯ ಎನ್‌ಕೋರ್ ಇಎಸ್‌ಪಿ ಮಾದರಿಯಲ್ಲಿ 40 ಹೆಜ್ಜೆಗಳ ಪೈಕಿ ಮೊದಲ 20 ಎಸ್‌ಪ್ರೆಸೊಗೇ ಮೀಸಲು. ಫ್ಲಾರೆನ್ಸ್‌ನ ಯುರೇಕಾ ಕಂಪನಿಯ ಮಿನ್ಯೋನ್ ಸಾಲಿನಲ್ಲಿ ಹೆಜ್ಜೆಗಳೇ ಇಲ್ಲ, ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಅಂತರ ಅಷ್ಟೇ ಬದಲಾಗುತ್ತದೆ. ಗ್ರೈಂಡರ್‌ನ ನಿಜವಾದ ಬೆಲೆ ಇಲ್ಲಿರುತ್ತದೆ ಎಂಬುದು ನನ್ನ ಎಣಿಕೆ.

ಇನ್ನು ಶಂಕುವಿನಾಕಾರದ ಬರ್ ಮೇಲೋ ಚಪ್ಪಟೆ ಬರ್ ಮೇಲೋ ಎಂಬ ಹಳೆಯ ಜಗಳ. ಯಾವ ಬರ್ ಆದರೂ ಒಂದೇ ಗಾತ್ರದ ಪುಡಿ ಕೊಡುವುದಿಲ್ಲ; ಬೇಕಾದ ಗಾತ್ರದ ಕಣಗಳ ಜೊತೆಗೆ 100 ಮೈಕ್ರಾನಿಗಿಂತ ಸಣ್ಣದಾದ ಧೂಳೂ ಬೀಳುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಶಂಕುವಿನಾಕಾರದವು ದಟ್ಟವಾದ, ನಾಲಿಗೆಯ ಮೇಲೆ ಭಾರವಾಗಿ ನಿಲ್ಲುವ ಶಾಟ್ ಕೊಡುತ್ತವೆ. ದೊಡ್ಡ ಚಪ್ಪಟೆ ಬರ್‌ಗಳು, ಅದರಲ್ಲೂ 64 ಮಿ.ಮೀ. ಮತ್ತು ಅದಕ್ಕಿಂತ ದೊಡ್ಡವು, ರುಚಿಗಳನ್ನು ಬಿಡಿಬಿಡಿಯಾಗಿ ತೋರಿಸುತ್ತವೆ. ರಾಜಾಜಿನಗರದ ಸ್ನೇಹಿತರೊಬ್ಬರ ಮನೆಯಲ್ಲಿ ಎರಡೂ ಬಗೆಯ ಗ್ರೈಂಡರ್‌ಗಳಿವೆ. ಚಿಕ್ಕಮಗಳೂರಿನ ಒಂದೇ ತೋಟದ, ಹದವಾಗಿ ಹುರಿದ ಬೀಜವನ್ನು ಎರಡರಲ್ಲೂ ಪುಡಿ ಮಾಡಿ, ಎರಡನ್ನೂ ಒಂದೇ ಸಮಯಕ್ಕೆ ಇಳಿಯುವಂತೆ ಹೊಂದಿಸಿ, ಒಂದು ಮಧ್ಯಾಹ್ನ ಕುಡಿದು ನೋಡಿದೆವು. ಬರೀ ಶಾಟ್ ಕುಡಿದಾಗ ಅಂತರ ಸ್ಪಷ್ಟವಾಗಿತ್ತು: ಚಪ್ಪಟೆ ಬರ್‌ನದರಲ್ಲಿ ಕಿತ್ತಳೆ ಸಿಪ್ಪೆಯಂಥ ಒಂದು ಹುಳಿ ಎದ್ದು ಕಾಣುತ್ತಿತ್ತು, ಇನ್ನೊಂದರಲ್ಲಿ ಅದು ಬೆಲ್ಲದ ಸಿಹಿಯೊಳಗೆ ಕರಗಿತ್ತು. ಆಮೇಲೆ ಅವರ ಹೆಂಡತಿ, ಯಾವುದು ಯಾವುದೆಂದು ಹೇಳದೆ, ಕಾಯಿಸಿ ನೊರೆಗೂಡಿಸಿದ ಹಾಲು ಬೆರೆಸಿ ತಂದಿಟ್ಟರು. ಇಬ್ಬರಿಗೂ ಗುರುತಿಸಲಾಗಲಿಲ್ಲ. ದುಬಾರಿ ಗ್ರೈಂಡರ್‌ನ ಯಜಮಾನರಿಗೂ.

ಇದನ್ನು ವೈಜ್ಞಾನಿಕ ಪರೀಕ್ಷೆ ಎಂದು ನಾನು ಹೇಳಲಾರೆ. ಆದರೆ ದಿನಕ್ಕೆ ಮೂರು ಲೋಟದಲ್ಲಿ ಮೂರಕ್ಕೂ ಹಾಲು ಬೀಳುವ ಮನೆಯಲ್ಲಿ ಸುಮಾರು 48 ಮಿ.ಮೀ.ನ ಒಳ್ಳೆಯ ಕೈ ಗ್ರೈಂಡರ್ ಅಥವಾ 55 ಮಿ.ಮೀ. ಚಪ್ಪಟೆ ಬರ್‌ನ ವಿದ್ಯುತ್ ಗ್ರೈಂಡರ್ ಸಾಕು ಎಂಬ ನನ್ನ ನಿಲುವು ಅಂದಿನಿಂದ ಗಟ್ಟಿಯಾಗಿದೆ. ಹಾಲಿಲ್ಲದೆ, ತೆಳುವಾಗಿ ಹುರಿದ ತೋಟದ ಕಾಫಿಗಳನ್ನೇ ಹುಡುಕಿ ಕುಡಿಯುವವರ ಲೆಕ್ಕ ಬೇರೆ. ಅವರು 64 ಮಿ.ಮೀ. ಚಪ್ಪಟೆ ಬರ್‌ಗೆ ಹಣ ಕೊಟ್ಟರೆ ಅದು ಅವರ ನಾಲಿಗೆಗೆ ಸಂದಾಯವಾಗುತ್ತದೆ.

ತೆಳುವಾಗಿ ಹುರಿದ ಬೀಜದ ಇನ್ನೊಂದು ವಿಷಯವನ್ನೂ ಗಮನಿಸಬೇಕು. ಅದು ಗಟ್ಟಿ, ಪುಡಿ ಮಾಡಲು ಹೆಚ್ಚು ಬಲ ಬೇಕು, ಮತ್ತು ಎಸ್‌ಪ್ರೆಸೊಗೆ ಇನ್ನೂ ನುಣ್ಣಗೆ ಮಾಡಬೇಕು. ಕಪ್ಪಗೆ ಹುರಿದದ್ದು ಪೆಡಸು, ಸುಲಭವಾಗಿ ಒಡೆಯುತ್ತದೆ, ಹೆಚ್ಚು ಧೂಳು ಬಿಡುತ್ತದೆ. ಮಾನ್ಸೂನ್ಡ್ ಮಲಬಾರ್ ಕೊಳ್ಳುವವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ: ಮಳೆಗಾಲದ ಕರಾವಳಿಯ ತೇವದ ಗಾಳಿಯಲ್ಲಿ ವಾರಗಟ್ಟಲೆ ಹರಡಿ ಉಬ್ಬಿಸಿದ ಆ ಬೀಜ ದೊಡ್ಡದು, ಹಗುರ, ಎಸ್‌.795 ಎಂಬ ನಮ್ಮ ಅರೇಬಿಕಾ ತಳಿಗೆ ಇಟ್ಟ ಗುರುತಿನಲ್ಲಿ ಅದನ್ನು ಹಾಕಿದರೆ ಶಾಟ್ ಎಲ್ಲೋ ಹೋಗಿರುತ್ತದೆ. ಬೀಜ ಬದಲಿಸುತ್ತಾ ಹೋಗುವ ಅಭ್ಯಾಸವಿದ್ದರೆ ಗುರುತುಗಳು ಸ್ಪಷ್ಟವಾಗಿ ಓದುವಂತಿರುವ ಗ್ರೈಂಡರ್ ಬೇಕು. ಯಾವ ಬೀಜಕ್ಕೆ ಎಷ್ಟು ಎಂದು ಡಬ್ಬಿಯ ಮೇಲೆ ಬರೆದಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಹಾಗೆಂದು ಕಷ್ಟ ಬಂದಾಗಲೆಲ್ಲ ನುಣ್ಣಗೆ ಮಾಡುತ್ತಾ ಹೋಗುವುದು ಪರಿಹಾರವಲ್ಲ. 2020ರಲ್ಲಿ ‘ಮ್ಯಾಟರ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ, ಪುಡಿ ತೀರಾ ನುಣ್ಣಗಾದಾಗ ಹಾಸಿಗೆಯ ಕೆಲವು ಭಾಗಗಳು ಕಟ್ಟಿಕೊಂಡು ನೀರು ಉಳಿದ ಕಡೆಯೇ ಹರಿಯುತ್ತದೆ, ಆದ್ದರಿಂದ ಒಂದು ಶಾಟ್ ಇದ್ದಂತೆ ಇನ್ನೊಂದು ಇರುವುದಿಲ್ಲ ಎಂದು ತೋರಿಸಿತು. ತಳವಿಲ್ಲದ ಪೋರ್ಟಾಫಿಲ್ಟರ್, ಅಂದರೆ ಬಾಸ್ಕೆಟ್ ಕೂರಿಸುವ ಹಿಡಿಕೆ, ಬಳಸುವವರು ಇದನ್ನು ಕಣ್ಣಾರೆ ಕಾಣುತ್ತಾರೆ. ಕಾಫಿ ಒಂದೇ ಧಾರೆಯಾಗಿ ಕೂಡಿಕೊಳ್ಳುವ ಬದಲು ಅಂಚಿನ ಒಂದು ಬಿಂದುವಿನಿಂದ ಪಿಚಕಾರಿಯಂತೆ ಚಿಮ್ಮಿ ಗೋಡೆಯ ಟೈಲ್ಸ್ ಮೇಲೆ ಕಂದು ಚುಕ್ಕೆ ಬಿಡುತ್ತದೆ.

ಜಾಹೀರಾತಿನಲ್ಲಿ ಕಾಣದ, ಆದರೆ ದಿನವೂ ಕಾಡುವ ಇನ್ನೊಂದು ಸಂಗತಿ ಒಳಗೆ ಉಳಿಯುವ ಪುಡಿ. ಹೋಟೆಲ್‌ಗಳಿಗಾಗಿ ಮಾಡಿದ ದೊಡ್ಡ ಗ್ರೈಂಡರ್‌ಗಳಲ್ಲಿ ಕೆಲವು ಗ್ರಾಂ ಪುಡಿ ಒಳಗೇ ಉಳಿದು, ನಾಳೆಯ ಮೊದಲ ಶಾಟ್‌ಗೆ ಇವತ್ತಿನ ಹಳಸಲನ್ನು ಸೇರಿಸುತ್ತದೆ. ದಿನವಿಡೀ ಓಡುವ ಹೋಟೆಲಿನಲ್ಲಿ ಅದು ಲೆಕ್ಕಕ್ಕಿಲ್ಲ. ಬೆಳಗ್ಗೆ ಒಂದು, ಸಂಜೆ ಒಂದು ಮಾಡುವ ಮನೆಯಲ್ಲಿ ಲೆಕ್ಕಕ್ಕಿದೆ. ಆ ಕಾರಣಕ್ಕೇ ಪ್ರತಿ ಬಾರಿ ತೂಗಿ ಹಾಕಿದಷ್ಟೇ ಹೊರಗೆ ಬರುವ ನೀಶ್ ಜೀರೋದಂಥ ವಿನ್ಯಾಸಗಳು ಮನೆಗಳಲ್ಲಿ ಜನಪ್ರಿಯವಾದವು. 63 ಮಿ.ಮೀ. ಶಂಕುವಿನಾಕಾರದ ಬರ್, ಸದ್ದು ಕಡಿಮೆ, ನಿಧಾನದ ತಿರುಗಣೆ; ಹಾಲಿನ ಕಾಫಿಗೆ ಅದರಷ್ಟು ಒಗ್ಗುವ ವಿದ್ಯುತ್ ಗ್ರೈಂಡರ್ ಕಡಿಮೆ ಎಂದೇ ನನ್ನ ಭಾವನೆ, ಬೆಲೆಯೊಂದನ್ನು ಬಿಟ್ಟರೆ.

ಫೆಬ್ರವರಿ, ಮಾರ್ಚಿನ ಒಣ ಹವೆಯಲ್ಲಿ ಪುಡಿ ಸ್ಥಾಯಿ ವಿದ್ಯುತ್ತಿನಿಂದ ಗ್ರೈಂಡರ್‌ನ ಬಾಯಿಗೆ, ಕಟ್ಟೆಗೆ, ಅಂಗಿಯ ತೋಳಿಗೆ ಅಂಟಿಕೊಳ್ಳುತ್ತದೆ. ಜೂನ್ ಕಳೆದ ಮೇಲೆ ಆ ಕಾಟ ಬಹಳಷ್ಟು ಇಳಿಯುತ್ತದೆ. ಇದಕ್ಕೆ ಮದ್ದು ಅಗ್ಗದ್ದು. ಚಮಚದ ಹಿಡಿಯನ್ನು ನೀರಿಗೆ ಅದ್ದಿ, ಆ ತೇವದಿಂದಲೇ ಬೀಜವನ್ನು ಒಮ್ಮೆ ಕಲಕಿ ಪುಡಿ ಮಾಡಿದರಾಯಿತು. ಬಹಳ ಕಾಲದಿಂದ ಕಾಫಿಪ್ರಿಯರು ಮಾಡುತ್ತಿದ್ದ ಈ ಉಪಾಯ ಸ್ಥಾಯಿ ವಿದ್ಯುತ್ತನ್ನು ನಿಜವಾಗಿಯೂ ತಗ್ಗಿಸುತ್ತದೆ ಎಂದು ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಸಂಶೋಧಕರು 2023ರ ಡಿಸೆಂಬರ್‌ನಲ್ಲಿ ಅದೇ ‘ಮ್ಯಾಟರ್’ ಪತ್ರಿಕೆಯಲ್ಲಿ ಅಳೆದು ತೋರಿಸಿದರು. ಸ್ಥಾಯಿ ವಿದ್ಯುತ್ ತಡೆಯುವ ಸಾಧನವಿದೆ ಎಂಬ ಒಂದೇ ಕಾರಣಕ್ಕೆ ಹೆಚ್ಚು ಹಣ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

ಚಪ್ಪಟೆ ಬರ್ ಕೊಂಡವರು ಎರಡು ಚಕ್ರಗಳೂ ಸಮಾನಾಂತರವಾಗಿ ಕುಳಿತಿವೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಪ್ಲಗ್ ಕಿತ್ತು, ಬರ್‌ನ ಹೊರ ಅಂಚಿಗೆ ವೈಟ್‌ಬೋರ್ಡ್ ಮಾರ್ಕರ್ ಬಳಿದು, ಮರಳಿ ಕೂರಿಸಿ, ಎರಡೂ ತಾಗುವ ತನಕ ಬಿಗಿಗೊಳಿಸಿ ಕೈಯಿಂದ ತಿರುಗಿಸಬೇಕು. ಬಿಚ್ಚಿ ನೋಡಿದಾಗ ಮಸಿ ಸುತ್ತಲೂ ಅಳಿಸಿದ್ದರೆ ಸರಿ. ಒಂದೇ ಬದಿಯಲ್ಲಿ ಅಳಿಸಿದ್ದರೆ, ಆ ಗ್ರೈಂಡರ್‌ನ ಒಂದು ಬದಿ ನುಣ್ಣಗೂ ಇನ್ನೊಂದು ಬದಿ ತರಿಯಾಗಿಯೂ ಪುಡಿ ಮಾಡುತ್ತಿದೆ ಎಂದರ್ಥ. ಬರ್ ಎಷ್ಟೇ ದೊಡ್ಡದಾಗಿದ್ದರೂ ವಾಲಿಕೊಂಡು ಕುಳಿತಿದ್ದರೆ ಅದರಿಂದ ಪ್ರಯೋಜನವಿಲ್ಲ.

ಬಾಳಿಕೆಯ ಹೆಸರಿನಲ್ಲಿ ಹೋಟೆಲ್ ದರ್ಜೆಯ ಗ್ರೈಂಡರ್ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ದಿನಕ್ಕೆ 18 ಗ್ರಾಂನ ಮೂರು ಶಾಟ್ ಎಂದರೂ ವರ್ಷಕ್ಕೆ ಆಗುವುದು 20 ಕಿಲೊ ಬೀಜ. ಉಕ್ಕಿನ ಬರ್‌ಗಳು ಅದರ ಎಷ್ಟೋ ಪಟ್ಟು ತಾಳುತ್ತವೆ. ಅವನ್ನು ನಿಜವಾಗಿ ಕೆಡಿಸುವುದು ಕಲ್ಲು. ನಮ್ಮಲ್ಲಿ ಸಕಲೇಶಪುರದಿಂದಲೋ ಕೊಡಗಿನಿಂದಲೋ ನೆಂಟರು ಮನೆಯಲ್ಲೇ ಹುರಿದ ಬೀಜ ಕಳಿಸುವುದುಂಟು, ಮತ್ತು ಕಣದಲ್ಲಿ ಒಣಗಿಸಿದ ಹಣ್ಣಿನ ಜೊತೆ ಬೀಜದ ಬಣ್ಣದ್ದೇ ಸಣ್ಣ ಕಲ್ಲೊಂದು ಬಂದಿರುವ ಸಾಧ್ಯತೆ ಸದಾ ಇರುತ್ತದೆ. ಅಂಥ ಬೀಜವನ್ನು ಮೊರದಲ್ಲಿ ಹರಡಿ, ಬೇಳೆ ಆರಿಸಿದಂತೆ ಆರಿಸಿಯೇ ಗ್ರೈಂಡರ್‌ಗೆ ಹಾಕಬೇಕು.

ಕೈ ಗ್ರೈಂಡರ್‌ನ ಪರವಾಗಿ ನಾನು ಹೆಚ್ಚು ಮಾತಾಡುತ್ತೇನೆ ಎಂಬ ಆಕ್ಷೇಪವಿದೆ. ಮಾತಾಡುತ್ತೇನೆ, ಏಕೆಂದರೆ ಅದೇ ಗುಣಮಟ್ಟದ ಪುಡಿ ಕೊಡುವ ವಿದ್ಯುತ್ ಗ್ರೈಂಡರ್‌ನ ಅರ್ಧ ಬೆಲೆಗೂ ಕಡಿಮೆಗೆ ಅದು ಸಿಗುತ್ತದೆ. ಮೋಟಾರಿಗೆ ಹೋಗಬೇಕಾದ ಹಣ ಬರ್‌ಗೆ ಹೋಗಿರುತ್ತದೆ. 18 ಗ್ರಾಂ ನುಣ್ಣಗೆ ಮಾಡಲು ಒಂದು ನಿಮಿಷದ ಆಸುಪಾಸು ತೋಳಿಗೆ ಕೆಲಸ. ಬೆಳಗ್ಗೆ ಐದೂವರೆಗೆ ಅಪಾರ್ಟ್‌ಮೆಂಟಿನಲ್ಲಿ ಯಾರ ನಿದ್ದೆಯೂ ಕೆಡುವುದಿಲ್ಲ. ನಮ್ಮಲ್ಲಿ ವಿದ್ಯುತ್ ಗ್ರೈಂಡರ್ ಮೊದಲ ಸಲ ಓಡಿದ ಬೆಳಗ್ಗೆ ಅಮ್ಮ ದೇವರ ಮನೆಯಿಂದಲೇ “ಒಂದು ಲೋಟ ಕಾಫಿಗೆ ಇಷ್ಟೊಂದು ಗಲಾಟೆ ಯಾಕೋ?” ಎಂದಿದ್ದರು. ಆದರೆ ಮನೆಯಲ್ಲಿ ನಾಲ್ವರು ಒಟ್ಟಿಗೆ ಕಾಫಿ ಕೇಳುವಂತಿದ್ದರೆ, ಅಥವಾ ಮಣಿಕಟ್ಟು ನೋಯುವ ವಯಸ್ಸಾಗಿದ್ದರೆ, ಕೈ ಗ್ರೈಂಡರ್ ಬೇಡ.

ಅಮೆರಿಕದಿಂದ ಬರುವ ಮಗನ ಕೈಲಿ ಸೂಟ್‌ಕೇಸಿನಲ್ಲಿ ವಿದ್ಯುತ್ ಗ್ರೈಂಡರ್ ತರಿಸುವ ಆಲೋಚನೆಯಿರುವವರು ಗಮನಿಸಬೇಕು: ಅಲ್ಲಿಯದು 120 ವೋಲ್ಟ್, 60 ಹರ್ಟ್ಸ್, ಇಲ್ಲಿಯದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಹರ್ಟ್ಸ್ ಅನ್ನು ಬದಲಿಸುವುದಿಲ್ಲ, ಮತ್ತು ಇಂಡಕ್ಷನ್ ಮೋಟಾರುಗಳ ವೇಗ ಅದನ್ನೇ ಅವಲಂಬಿಸಿರುತ್ತದೆ. ಹಾಗೆ ತಂದದ್ದಕ್ಕೆ ಇಲ್ಲಿ ವಾರಂಟಿ ಸಿಗುವುದೂ ಕಷ್ಟ. ಬೆಲೆ ಸ್ವಲ್ಪ ಹೆಚ್ಚಾದರೂ ಇಲ್ಲಿಯ ಅಧಿಕೃತ ಮಾರಾಟಗಾರರಿಂದಲೇ ಕೊಳ್ಳುವುದು ಲೇಸು, ಅದೂ ಹಣ ಕಟ್ಟುವ ಮೊದಲು ಫೋನ್ ಮಾಡಿ, ಈ ಮಾದರಿಯ ಬರ್ ಜೋಡಿ ಈಗ ನಿಮ್ಮಲ್ಲಿ ದಾಸ್ತಾನಿದೆಯೇ, ರಿಪೇರಿ ಬೆಂಗಳೂರಿನಲ್ಲೇ ಆಗುತ್ತದೆಯೇ ಎಂದು ಕೇಳಿಕೊಂಡು. “ಆರ್ಡರ್ ಹಾಕಿದರೆ ತರಿಸಿಕೊಡ್ತೀವಿ ಸರ್” ಎಂಬ ಉತ್ತರ ಬಂದರೆ, ನಾನಾಗಿದ್ದರೆ ಇನ್ನೊಂದು ಮಾದರಿಯನ್ನು ನೋಡುತ್ತೇನೆ.