ಬಸ್ಸಾರಿನವರು ಮುಠಿಯಾ ಕಲಿತಾಗ

ನನ್ನ ಮಗನಿಗೆ ಆಗ ನಾಲ್ಕು ವರ್ಷ. ದಂಟಿನ ಸೊಪ್ಪಿನ ಪಲ್ಯ ಕಲಸಿದ ಅನ್ನ ಬಾಯಿಗೆ ಇಟ್ಟುಕೊಂಡ. ಎರಡು ಸಲ ಅಗಿದ. ಆಮೇಲೆ ಬೆರಳು ಹಾಕಿ ಒಂದು ಉದ್ದನೆಯ ನಾರನ್ನು ನಿಧಾನವಾಗಿ ಎಳೆದು ತಟ್ಟೆಯ ಅಂಚಿಗೆ ಅಂಟಿಸಿದ. ಇನ್ನೊಂದು ತುತ್ತು, ಇನ್ನೊಂದು ನಾರು. ಊಟ ಮುಗಿಯುವ ಹೊತ್ತಿಗೆ ಅಂಚಿನಲ್ಲಿ ಐದಾರು ನಾರು ಸಾಲಾಗಿ ಕೂತಿದ್ದವು. ಅವನು ಅಳಲಿಲ್ಲ, ಹಟ ಮಾಡಲಿಲ್ಲ. "ಅಪ್ಪ, ಇದು ದಾರ" ಅಂದ, ಅಷ್ಟೆ.

ಮಕ್ಕಳಿಗೆ ಹಸಿರು ಕಂಡರೆ ಆಗುವುದಿಲ್ಲ ಅಂತ ಅಲ್ಲಿಯವರೆಗೆ ನಾನೂ ನಂಬಿದ್ದೆ. ಆ ದಿನದಿಂದ ನಂಬುವುದು ಬಿಟ್ಟೆ. ಅವನ ತಕರಾರು ಹಸಿರಿನ ಮೇಲಲ್ಲ. ನಾರಿನ ಮೇಲೆ, ಅನ್ನದ ಜೊತೆ ಮುದ್ದೆಯಾಗಿ ನಾಲಿಗೆಗೆ ಅಂಟುವ ಆ ಒದ್ದೆತನದ ಮೇಲೆ.

ನಾವು ವಡೋದರಾಗೆ ಬಂದು ಹನ್ನೊಂದು ವರ್ಷ. ನಾನು ಮಂಡ್ಯ ಕಡೆಯವನು, ನನ್ನ ಹೆಂಡತಿ ಸಾಗರದವಳು. ಇಬ್ಬರಿಗೂ ಕೆಲಸ. ಬೆಳಗಿನ ಡಬ್ಬಿ ನನ್ನ ಪಾಲಿನದು. ಹಾಗಾಗಿ ಸೊಪ್ಪು ಬಿಡಿಸುವುದು, ತೊಳೆಯುವುದು, ಮಕ್ಕಳಿಗೆ ತಿನ್ನಿಸುವುದು ನನಗೆ ದಿನದ ಮಾತು. ಗುಜರಾತಿನ ಅಡುಗೆಮನೆಗಳಲ್ಲಿ ಇದನ್ನೇ ಹೇಗೆ ಮಾಡುತ್ತಾರೆ ಅಂತ ಹನ್ನೊಂದು ವರ್ಷದಿಂದ ನೋಡುತ್ತಾ ಇದ್ದೇನೆ. ನಮ್ಮದರಲ್ಲಿ ಏನು ಚೆನ್ನಾಗಿದೆ, ಅವರಿಂದ ಏನು ಕಲಿಯಬೇಕು ಅಂತ ಒಂದು ಅನಿಸಿಕೆ ಗಟ್ಟಿಯಾಗಿದೆ.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಇಲ್ಲಿ ಅಜ್ಜಿಗೆ 'ಬಾ' ಅನ್ನುತ್ತಾರೆ, ನನ್ನ ಮಕ್ಕಳಿಗೂ ಅವರು ಬಾ. ಚಳಿಗಾಲದ ಒಂದು ಮಧ್ಯಾಹ್ನ ಅವರ ಮನೆಯಲ್ಲಿ ಮೆಂತ್ಯ ಸೊಪ್ಪಿನ ಮುಠಿಯಾ ಮಾಡುವುದನ್ನು ಪೂರ್ತಿ ಕೂತು ನೋಡಿದೆ. ಪೇಪರ್ ಹಾಸಿಕೊಂಡು ಒಂದೊಂದೇ ಎಲೆ ಚಿವುಟಿದರು. ಕಡ್ಡಿ ಒಂದೂ ಒಳಗೆ ಹೋಗಲಿಲ್ಲ. ಎಲೆಯನ್ನು ಸಣ್ಣಗೆ ಹೆಚ್ಚಿ, ಉಪ್ಪು ಉದುರಿಸಿ ಹತ್ತು ನಿಮಿಷ ಬಿಟ್ಟರು. ಆಮೇಲೆ ತರಿಯಾದ ಗೋಧಿ ಹಿಟ್ಟು, ಅದರ ಅರ್ಧದಷ್ಟು ಕಡಲೆ ಹಿಟ್ಟು, ಅರಿಶಿನ, ಜಜ್ಜಿದ ಶುಂಠಿ ಹಸಿಮೆಣಸಿನಕಾಯಿ, ಒಂದು ಚಮಚ ಮೊಸರು, ಚಿಟಿಕೆ ಸಕ್ಕರೆ, ಸ್ವಲ್ಪ ಎಣ್ಣೆ. ನಾನು ನೀರಿನ ಚೊಂಬು ಮುಂದಕ್ಕೆ ತಳ್ಳಿದೆ. ಅವರು ಕೈ ಅಡ್ಡ ಹಿಡಿದರು. ಉಪ್ಪು ತಾಗಿದ ಸೊಪ್ಪು ತಾನೇ ನೀರು ಬಿಡುತ್ತದೆ, ಮೇಲೆ ಹಾಕಿದರೆ ಅಂಟಂಟಾಗುತ್ತದೆ ಅಂತ.

ಕಲಸಿದ ಹಿಟ್ಟನ್ನು ಅಂಗೈಯಲ್ಲಿಟ್ಟು ಒತ್ತಿದರು. ಬಿಟ್ಟಾಗ ನಾಲ್ಕು ಬೆರಳಿನ ಗುರುತು ಅದರ ಮೇಲೆ ಹಾಗೇ ಉಳಿದಿತ್ತು. ಮುಠ್ಠಿ ಅಂದರೆ ಮುಷ್ಟಿ, ಹೆಸರು ಬಂದಿದ್ದೇ ಅಲ್ಲಿಂದ. ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಿ, ಪೂರ್ತಿ ಆರಲು ಬಿಟ್ಟು, ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಸಾಸಿವೆ ಮತ್ತು ಬಿಳಿ ಎಳ್ಳಿನ ಒಗ್ಗರಣೆಯಲ್ಲಿ ಹುರಿದರು. ಅಂಚು ಗರಿಗರಿ, ಒಳಗೆ ಮೆತ್ತಗೆ. ನನ್ನ ಮಗ, ದಂಟಿನ ದಾರ ಎಳೆದವನು, ಬಾಣಲೆಯ ಪಕ್ಕ ನಿಂತೇ ಆರು ಬಿಲ್ಲೆ ತಿಂದ.

ಮೆಂತ್ಯ ಎಷ್ಟು ಕಹಿ ಸೊಪ್ಪು ಅಲ್ವಾ? ಆದರೂ ತಿಂದ. ಮಕ್ಕಳ ನಾಲಿಗೆಗೆ ಕಹಿ ನಮಗಿಂತ ಜಾಸ್ತಿ ತಟ್ಟುತ್ತದೆ. ಅವರು ಮುಖ ಸಿಂಡರಿಸಿದರೆ ಅದು ನಾಟಕವಲ್ಲ, ನಿಜವಾಗಿಯೂ ಅಷ್ಟು ಕಹಿ ಅನಿಸಿರುತ್ತದೆ. ಉಪ್ಪು, ಸಿಹಿ, ಎಣ್ಣೆ ಮೂರೂ ಕಹಿಯನ್ನು ತಗ್ಗಿಸುತ್ತವೆ. ಬಾ ಹಾಕಿದ ಆ ಚಿಟಿಕೆ ಸಕ್ಕರೆ ಮುಠಿಯಾವನ್ನು ಸಿಹಿ ಮಾಡಲಿಲ್ಲ, ಕಹಿಯ ಮೊನೆ ಮುರಿಯಿತು. ಮೊದಮೊದಲು ನನಗೆ ಈ ಊರಿನ ಸಿಹಿ ಒಗ್ಗುತ್ತಿರಲಿಲ್ಲ. ಪಲ್ಯಕ್ಕೆ ಸಕ್ಕರೆ ಯಾಕೆ ಅಂತ ಗೊಣಗುತ್ತಿದ್ದೆ. "ನಮ್ಮ ಕಡೆ ಪಲ್ಯಕ್ಕೆ ಚೂರು ಬೆಲ್ಲ ಹಾಕೋದಿಲ್ವಾ? ನಿಮ್ಮ ಮಂಡ್ಯದಲ್ಲಿ ಇಲ್ಲ ಅಂದ್ರೆ ಕರ್ನಾಟಕದಲ್ಲೇ ಇಲ್ವಾ?" ಅಂತ ನನ್ನ ಹೆಂಡತಿ ಕೇಳಿದಳು. ಅವಳು ಹೇಳಿದ್ದು ಸರಿ.

ಸೊಪ್ಪಿಗೆ ಕೈಯಲ್ಲಿ ಹಿಡಿಯುವ ಆಕಾರ ಕೊಡುವುದು ಗುಜರಾತಿ ಅಡುಗೆಯ ದೊಡ್ಡ ಗುಣ. ಮೆಂತ್ಯದ ಥೇಪ್ಲಾ, ಅಂದರೆ ಸೊಪ್ಪು ಕಲಸಿ ಲಟ್ಟಿಸಿದ ರೊಟ್ಟಿ, ಸುತ್ತಿ ಹಿಡಿಯಬಹುದು. ಮುಠಿಯಾ ಎತ್ತಿ ಬಾಯಿಗೆ ಹಾಕಿಕೊಳ್ಳಬಹುದು. ಕೆಸುವಿನ ಎಲೆಯ ಪಾತ್ರಾ ಅಂತೂ ನಮ್ಮ ಕರಾವಳಿಯ ಪತ್ರೊಡೆಯ ಒಡಹುಟ್ಟು. ಅಲ್ಲಿ ಅಕ್ಕಿ, ಇಲ್ಲಿ ಕಡಲೆ ಹಿಟ್ಟು, ಎರಡು ಕಡೆಯೂ ಎಲೆಯ ತುರಿಕೆ ಕಳೆಯಲು ಹುಳಿ. ಆಟದ ಮಧ್ಯೆ ಓಡಿ ಬಂದ ಮಗು ಒಂದನ್ನು ತಗೊಂಡು ಓಡಬಹುದು. ಅನ್ನಕ್ಕೆ ಕಲಸಿದ ಪಲ್ಯವನ್ನು ಹಾಗೆ ತಗೊಂಡು ಓಡಲು ಆಗುವುದಿಲ್ಲ.

ಆದರೆ ಇಲ್ಲಿಯ ಎಲ್ಲವನ್ನೂ ನಾನು ಒಪ್ಪುವುದಿಲ್ಲ. ಎರಡು ಬಟ್ಟಲು ಹಿಟ್ಟಿಗೆ ಒಂದು ಹಿಡಿ ಸೊಪ್ಪು ಹಾಕಿ ಲಟ್ಟಿಸಿದರೆ ಅದು ಚಪಾತಿಯೇ, ಮಧ್ಯೆ ಮಧ್ಯೆ ಹಸಿರು ಚುಕ್ಕೆ ಇರುತ್ತದೆ ಅಷ್ಟೆ. ಮಗು ನಾಲ್ಕು ಥೇಪ್ಲಾ ತಿಂದಿತು, ಸೊಪ್ಪು ಹೊಟ್ಟೆಗೆ ಹೋಯಿತು ಅಂತ ನೆಮ್ಮದಿ ಪಡುವಂತಿಲ್ಲ. ನಾನು ಹೆಚ್ಚಿದ ಸೊಪ್ಪು ಮತ್ತು ಹಿಟ್ಟು ಸಮ ಸಮ ಹಾಕುತ್ತೇನೆ. ಲಟ್ಟಿಸುವುದು ಕಷ್ಟ, ಅಂಚು ಹರಿಯುತ್ತದೆ, ಪರವಾಗಿಲ್ಲ. ಮೆಂತ್ಯದ ಗೋಟಾ ಅಂತ ಬೋಂಡಾ ಮಾಡುತ್ತಾರೆ, ರುಚಿ ಅದ್ಭುತ. ಆದರೆ ಕರಿದದ್ದನ್ನು ನಾನು ತರಕಾರಿ ಲೆಕ್ಕಕ್ಕೆ ಸೇರಿಸುವುದಿಲ್ಲ. ಇಲ್ಲಿ ಸೊಪ್ಪಿನ ಸುಗ್ಗಿ ಏನಿದ್ದರೂ ಚಳಿಗಾಲಕ್ಕೆ. ಬೇಸಿಗೆಯಲ್ಲಿ ಸಿಗುವುದು ಕಡಿಮೆ, ಸಿಕ್ಕಿದ್ದೂ ಬಾಡಿರುತ್ತದೆ.

ಇಲ್ಲಿಗೆ ಬಂದ ಮೇಲೆಯೇ ನನಗೆ ಬಸ್ಸಾರಿನ ಬೆಲೆ ತಿಳಿದದ್ದು. ಊರಲ್ಲಿದ್ದಾಗ ಅದು ಸುಮ್ನೆ ದಿನದ ಅಡುಗೆ. ಈಗ ಯೋಚಿಸಿದರೆ, ಚಿಕ್ಕ ಮಕ್ಕಳಿರುವ ಮನೆಗೆ ಅದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ ಅನಿಸುತ್ತದೆ. ತೊಗರಿಬೇಳೆಯನ್ನೋ ಹೆಸರುಕಾಳನ್ನೋ ಮುಕ್ಕಾಲು ಬೇಯಿಸಿ ಸೊಪ್ಪು ಹಾಕಿ, ಐದಾರು ನಿಮಿಷಕ್ಕೆ ಕಟ್ಟು ಬಸಿಯುತ್ತೇವೆ. ಖಾರ, ಹುಳಿ, ಮೆಣಸು, ಸುಟ್ಟ ಈರುಳ್ಳಿ ಬೆಳ್ಳುಳ್ಳಿ ಎಲ್ಲ ಸೇರುವುದು ಸಾರಿಗೆ. ಬಸಿದು ಉಳಿದ ಸೊಪ್ಪು, ಕಾಳು ಒಗ್ಗರಣೆ ಮತ್ತು ಕಾಯಿತುರಿ ಸೇರಿ ಪಲ್ಯವಾಗುತ್ತದೆ. ಅದರಲ್ಲಿ ಖಾರವೇ ಇಲ್ಲದಂತೆ ಮಾಡಬಹುದು. ದೊಡ್ಡವರಿಗೆ ಖಾರದ ಸಾರು, ಮಕ್ಕಳಿಗೆ ಸಪ್ಪೆ ಪಲ್ಯ. ಪಾತ್ರೆ ಒಂದೇ, ಒಲೆ ಒಂದೇ, ಯಾರಿಗೂ ಬೇರೆ ಅಡುಗೆ ಮಾಡಬೇಕಿಲ್ಲ. ಇಲ್ಲಿಯ ಮನೆಗಳಲ್ಲಿ ಹೀಗೆ ಒಂದರಿಂದ ಎರಡು ತೆಗೆಯುವುದನ್ನು ನಾನು ನೋಡಿಲ್ಲ.

ಬಸ್ಸಾರನ್ನು ಕೆಡಿಸುವುದು ನಮ್ಮ ಕುಕ್ಕರ್. ಬೇಳೆ, ಸೊಪ್ಪು ಒಟ್ಟಿಗೆ ತುಂಬಿ ಮೂರು ವಿಷಲ್ ಕೂಗಿಸಿದರೆ ಸೊಪ್ಪು ಕಂದುಬಣ್ಣಕ್ಕೆ ತಿರುಗಿ ಪೇಸ್ಟ್ ಆಗುತ್ತದೆ. ಸೊಪ್ಪಿನೊಳಗೆ ಸಣ್ಣ ಪ್ರಮಾಣದ ಹುಳಿ ಇರುತ್ತದೆ. ಬೇಯುವಾಗ ಅದು ಹೊರಬಂದು, ಹಸಿರು ಬಣ್ಣ ಕೊಡುವ ಕ್ಲೋರೋಫಿಲ್‌ನಿಂದ ಮೆಗ್ನೀಸಿಯಮ್ ಅನ್ನು ಕಿತ್ತುಹಾಕುತ್ತದೆ. ಆಗ ಬಣ್ಣ ಮಾಸುತ್ತದೆ. ಮುಚ್ಚಳ ತೆಗೆದಿಟ್ಟರೆ ಆ ಹುಳಿಯಲ್ಲಿ ಒಂದಷ್ಟು ಹಬೆಯ ಜೊತೆ ಹೋಗಿಬಿಡುತ್ತದೆ. ಅದಕ್ಕೇ ನಾನು ಅಗಲ ಪಾತ್ರೆಯಲ್ಲಿ, ಕುದಿಯುವ ನೀರಿಗೆ, ಮುಚ್ಚಳ ಹಾಕದೆ ಬೇಯಿಸುತ್ತೇನೆ. ಹುಣಸೆಹುಳಿ, ನಿಂಬೆರಸ ಕೊನೆಯಲ್ಲಿ. ಅಡುಗೆ ಸೋಡಾ ಹಾಕಿದರೆ ಹಸಿರು ಉಳಿಯುತ್ತದೆ ನಿಜ, ಆದರೆ ಸೊಪ್ಪು ಲೋಳೆಯಾಗುತ್ತದೆ, ಜೀವಸತ್ವವೂ ಹಾಳು. ಅದು ಬೇಡ. ಮಕ್ಕಳು ಮೊದಲು ಕಣ್ಣಲ್ಲಿ ತಿನ್ನುತ್ತಾರೆ. ಬಣ್ಣಗೆಟ್ಟ ಪಲ್ಯ ಡಬ್ಬಿಯಲ್ಲಿ ಹಾಗೇ ವಾಪಸ್ ಬರುತ್ತದೆ.

ಈಗ ನಮ್ಮ ಮನೆಯಲ್ಲಿ ಎರಡೂ ಊರು ಸೇರಿಕೊಂಡಿವೆ. ರಾತ್ರಿ ಬಸ್ಸಾರು ಮಾಡಿದರೆ ಸ್ವಲ್ಪ ಪಲ್ಯ ಎತ್ತಿಡುತ್ತೇನೆ. ಬೆಳಗ್ಗೆ ಅದಕ್ಕೆ ಕಡಲೆ ಹಿಟ್ಟು, ಚೂರು ರಾಗಿ ಹಿಟ್ಟು ಕಲಸಿ ಮುಠಿಯಾ ಒತ್ತುತ್ತೇನೆ. ಕಾಳು ಬೆಂದಿರುತ್ತದೆ, ಸೊಪ್ಪು ಬೆಂದಿರುತ್ತದೆ, ಹಬೆಯಲ್ಲಿ ಹನ್ನೆರಡು ನಿಮಿಷ ಸಾಕು. ದಂಟಿನ ಕಡ್ಡಿ ಬೇರೆಯಾಗಿ ಹುಳಿಗೆ ಹೋಗುತ್ತದೆ. ಮಗನ ತಟ್ಟೆಯಂಚಿನಲ್ಲಿ ಈಗ ದಾರ ಇಲ್ಲ.

ಹೆಂಡತಿಯ ಕಡೆಯಿಂದ ತಂಬುಳಿ ಬಂದಿದೆ. ದೊಡ್ಡಪತ್ರೆಯನ್ನೋ ಒಂದೆಲಗವನ್ನೋ ತುಪ್ಪದಲ್ಲಿ ಜೀರಿಗೆ ಜೊತೆ ಬಾಡಿಸಿ, ಕಾಯಿ ಹಾಕಿ ರುಬ್ಬಿ, ಮಜ್ಜಿಗೆಗೆ ಬೆರೆಸಿದರೆ ಆಯಿತು. ವಡೋದರಾದ ಏಪ್ರಿಲ್ ಬಿಸಿಲಿಗೆ ಅದಕ್ಕಿಂತ ಹಿತವಾದದ್ದು ನನಗೆ ಗೊತ್ತಿಲ್ಲ. ಎರಡೂ ಗಿಡ ನಮ್ಮ ಬಾಲ್ಕನಿಯ ಕುಂಡದಲ್ಲೇ ಇವೆ. ಎಲೆ ಕಿತ್ತು ತರುವುದು ಮಗಳ ಕೆಲಸ.

ಇನ್ನೊಂದು ಮಾತು ಹೇಳಲೇಬೇಕು. ಇತ್ತೀಚೆಗೆ ನನ್ನ ಪರಿಚಯದ ಅಪ್ಪ ಅಮ್ಮಂದಿರಲ್ಲಿ, ಕನ್ನಡಿಗರಲ್ಲೂ ಗುಜರಾತಿಗಳಲ್ಲೂ, ಪಾಲಕ್ ರುಬ್ಬಿ ದೋಸೆಗೆ, ಪಾಸ್ತಾಗೆ, ಕೇಕಿಗೆ ಗುಟ್ಟಾಗಿ ಸೇರಿಸುವುದು ಜಾಸ್ತಿಯಾಗಿದೆ. ಮಗುವಿಗೆ ಗೊತ್ತೇ ಆಗಲಿಲ್ಲ ಅಂತ ಖುಷಿಯಿಂದ ಹೇಳುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ನನಗೆ ಇದು ಸರಿ ಕಾಣುವುದಿಲ್ಲ. ಪಾಲಕ್‌ನಲ್ಲಿ ಆಕ್ಸಲೇಟ್ ಅನ್ನುವ, ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವ ವಸ್ತು ಜಾಸ್ತಿ. ಹಾಗಾಗಿ ಅದರಲ್ಲಿರುವ ಕ್ಯಾಲ್ಸಿಯಂ ಮೈಗೆ ಹತ್ತುವುದು ಕಡಿಮೆ. ಮೆಂತ್ಯದಲ್ಲಿ ಆಕ್ಸಲೇಟ್ ಅದಕ್ಕಿಂತ ಎಷ್ಟೋ ಕಡಿಮೆ. ಆದರೂ ರುಬ್ಬುವವರೆಲ್ಲ ಪಾಲಕ್ಕನ್ನೇ ರುಬ್ಬುತ್ತಾರೆ, ಯಾಕೆಂದರೆ ಅದಕ್ಕೆ ವಾಸನೆ ಇಲ್ಲ, ಬಚ್ಚಿಡುವುದು ಸುಲಭ. ಅದಕ್ಕಿಂತ ಮುಖ್ಯವಾಗಿ, ಒಂದು ಹೊಸ ರುಚಿ ಮಗುವಿಗೆ ಒಗ್ಗಲು ಎಂಟು ಹತ್ತು ಸಲವಾದರೂ ಅದು ತಟ್ಟೆಗೆ ಬರಬೇಕು, ನಾಲಿಗೆಗೆ ತಾಗಬೇಕು. ಬಚ್ಚಿಟ್ಟರೆ ಒಂದು ಸಲವೂ ತಾಗಿದ ಹಾಗಲ್ಲ. ಹತ್ತು ವರ್ಷ ಪಾಲಕ್ ತಿಂದ ಮಗುವಿಗೆ ಪಾಲಕ್ ಯಾವುದು ಅಂತಲೇ ಗೊತ್ತಿರುವುದಿಲ್ಲ.

ಇಲ್ಲಿ ಗುಜರಾತಿಗಳಿಂದ ನಾನು ಕಲಿತದ್ದು ಒಂದಿದೆ. ಮುಠಿಯಾದಲ್ಲಿ ಸೊಪ್ಪು ಹಿಟ್ಟಿನೊಳಗೆ ಇದ್ದರೂ ಬಚ್ಚಿಟ್ಟಿರುವುದಿಲ್ಲ. ಮೇಥಿ ನಾ ಥೇಪ್ಲಾ, ದೂಧಿ (ಸೋರೆಕಾಯಿ) ನಾ ಮುಠಿಯಾ ಅಂತ ಸೊಪ್ಪಿನ, ಕಾಯಿಯ ಹೆಸರು ಮೊದಲು. ನಮ್ಮ ಮನೆಯಲ್ಲಿ ಎಲ್ಲದಕ್ಕೂ 'ಸೊಪ್ಪು' ಅಂದುಬಿಡುತ್ತಿದ್ದೆವು. ಸೊಪ್ಪು ತಿನ್ನು, ಸೊಪ್ಪು ಬಿಡಬೇಡ. ದಂಟು ಇಷ್ಟವಾಗದ ಮಗು ಅದೇ ಹೆಸರಿನಲ್ಲಿ ಸಬ್ಸಿಗೆಯನ್ನೂ, ಚಕ್ಕೋತವನ್ನೂ, ನುಗ್ಗೆಯನ್ನೂ ಬೇಡ ಅನ್ನುತ್ತದೆ. ಮಂಡ್ಯದ ಹೊಲದ ಬದುವಿನಲ್ಲಿ ನನ್ನ ಅಮ್ಮ ಬೆರಕೆ ಸೊಪ್ಪು ಕೀಳುವಾಗ ಅಣ್ಣೆ, ಕನ್ನೆ, ಗೋಣಿ, ಹೊನಗೊನೆ ಅಂತ ಒಂದೊಂದನ್ನೂ ಹೆಸರಿಟ್ಟು ಕರೆಯುತ್ತಿದ್ದರು. ಅಷ್ಟು ಹೆಸರು ಇರುವ ಭಾಷೆಯವರು ಮಕ್ಕಳ ಹತ್ತಿರ ಒಂದೇ ಹೆಸರು ಬಳಸುತ್ತಿದ್ದೆವು. ಈಗ ಮಾರ್ಕೆಟ್ಟಿನಿಂದ ತಂದ ಕಟ್ಟನ್ನು ಮೊದಲು ಮಕ್ಕಳ ಕೈಗೆ ಕೊಡುತ್ತೇನೆ. ಮೂಸಿ, ಹೆಸರು ಹೇಳಬೇಕು. ಕನ್ನಡದಲ್ಲೂ ಗುಜರಾತಿಯಲ್ಲೂ. ಹೇಳಿದ ಸೊಪ್ಪನ್ನು ತಿನ್ನಲೇಬೇಕು ಅಂತ ಇಲ್ಲ. ಒಂದು ಎಲೆ ರುಚಿ ನೋಡಿದರೆ ಸಾಕು.

ಕಳೆದ ಜನವರಿಯಲ್ಲಿ ಅಮ್ಮ ಬಂದಿದ್ದರು. ಉತ್ತರಾಯಣದ ಹೊತ್ತು, ಬಾ ನಮಗೆ ಒಂದು ಡಬ್ಬಿ ಮುಠಿಯಾ ಕೊಟ್ಟರು. ಅಮ್ಮ ಒಂದನ್ನು ಮುರಿದು ನೋಡಿ, ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇದು ನಮ್ಮ ನುಚ್ಚಿನುಂಡೆ ಜಾತಿದೇ ಕಣಪ್ಪ. ಬೇಳೆ ಬದಲು ಹಿಟ್ಟು ಹಾಕವ್ರೆ" ಅಂದರು.

ನನಗೆ ಆವತ್ತಿನವರೆಗೆ ಹೊಳೆದಿರಲಿಲ್ಲ. ಸಬ್ಸಿಗೆ ಸೊಪ್ಪು ಹಾಕಿ, ಹಬೆಯಲ್ಲಿ ಬೇಯಿಸಿ, ಕೈಯಲ್ಲಿ ಹಿಡಿದು ತಿನ್ನುವ ಉಂಡೆ ನಮ್ಮ ಮನೆಯಲ್ಲೇ ಇತ್ತು. ಚಿಕ್ಕವನಿದ್ದಾಗ ಎಷ್ಟು ತಿಂದಿದ್ದೇನೋ. ನನ್ನ ಮಕ್ಕಳಿಗೆ ಒಂದು ಸಲವೂ ಮಾಡಿಕೊಟ್ಟಿರಲಿಲ್ಲ.

ಮರುದಿನ ಅಮ್ಮ ತೊಗರಿಬೇಳೆ ನೆನೆಹಾಕಿ ತರಿತರಿಯಾಗಿ ರುಬ್ಬಿದರು. ಕಾಯಿ, ಶುಂಠಿ, ಹಸಿಮೆಣಸಿನಕಾಯಿ, ಎರಡು ಕಟ್ಟು ಸಬ್ಸಿಗೆ. ಬಾ ಕೂಡ ಮೇಲೆ ಬಂದು ಪಕ್ಕದಲ್ಲಿ ಕೂತರು. ಅಮ್ಮನಿಗೆ ಗುಜರಾತಿ ಬರುವುದಿಲ್ಲ, ಬಾಗೆ ಕನ್ನಡ ಬರುವುದಿಲ್ಲ. ಅಮ್ಮ ಉಂಡೆ ಕಟ್ಟುತ್ತಿದ್ದರು, ಬಾ ತಮ್ಮ ರೂಢಿಯಂತೆ ಮುಷ್ಟಿಯಲ್ಲಿ ಒತ್ತುತ್ತಿದ್ದರು. ಇಡ್ಲಿ ಪಾತ್ರೆಯಲ್ಲಿ ಎರಡೂ ಆಕಾರ ಅಕ್ಕಪಕ್ಕ ಕೂತವು. ಮಧ್ಯೆ ಬಾ ಒಂದು ಎಳೆ ಸೊಪ್ಪು ಎತ್ತಿ, ಇದಕ್ಕೆ ನಿಮ್ಮಲ್ಲಿ ಏನಂತಾರೆ ಅಂತ ನನ್ನ ಮಗಳನ್ನು ಕೇಳಿದರು. ಅವಳು ಕೈ ಹಿಟ್ಟಾಗಿದ್ದರಿಂದ ಬಗ್ಗಿ ಮೂಸಿ ನೋಡಿದಳು.

"ಇದು ನಿಮ್ಮ ಸುವಾ, ಬಾ. ನಾವು ಸಬ್ಸಿಗೆ ಅಂತೀವಿ."