ಹಾಸಿಗೆ ಇದ್ದಷ್ಟೇ ಕಾಲು

ಓಟಗಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಏಳುವ ಜಗಳವೊಂದಿದೆ. ನೆಲಕ್ಕೆ ಮೊದಲು ತಾಗಬೇಕಾದದ್ದು ಹಿಮ್ಮಡಿಯೋ, ಪಾದದ ಮುಂಭಾಗವೋ? ಈ ಜಗಳದಲ್ಲಿ ನನಗೆ ಕಿಂಚಿತ್ತೂ ಆಸಕ್ತಿಯಿಲ್ಲ. ಹವ್ಯಾಸಕ್ಕೆ ಓಡುವವರಲ್ಲಿ ಹೆಚ್ಚಿನವರು ಹಿಮ್ಮಡಿಯನ್ನೇ ಮೊದಲು ಊರುತ್ತಾರೆ, ಊರಿಕೊಂಡು ವರ್ಷಗಟ್ಟಲೆ ಆರಾಮಾಗಿ ಓಡುತ್ತಾರೆ. ನಾನು ನೋಡುವುದು ಪಾದ ಎಲ್ಲಿ ಬಿತ್ತು ಎಂಬುದನ್ನು. ಮೊಣಕಾಲು ನೆಟ್ಟಗಾಗಿ, ಪಾದ ಸೊಂಟಕ್ಕಿಂತ ಬಹಳ ಮುಂದೆ ಬಿದ್ದರೆ ಪ್ರತಿ ಹೆಜ್ಜೆಯೂ ಬ್ರೇಕ್ ಹಾಕಿದಂತೆಯೇ. ಮೈ ಮುಂದಕ್ಕೆ ಹೋಗುತ್ತಿರುತ್ತದೆ, ಕಾಲು ತಡೆಯುತ್ತಿರುತ್ತದೆ, ಪೆಟ್ಟು ತಿನ್ನುವುದು ಮೊಣಕಾಲು.

ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಪಕ್ಕದವರು ಹಿಂದಿಕ್ಕಿದ ಕೂಡಲೇ ನಮ್ಮವರು ಮಾಡುವ ಮೊದಲ ಕೆಲಸವೆಂದರೆ ಹೆಜ್ಜೆಯನ್ನು ಉದ್ದ ಮಾಡುವುದು. ಭುಜ ಕಿವಿಯ ತನಕ ಏರುತ್ತದೆ, ಮುಷ್ಟಿ ಬಿಗಿಯುತ್ತದೆ, ಕಾಲು ಒಂದು ಗೇಣು ಮುಂದಕ್ಕೆ ಚಾಚುತ್ತದೆ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದವರು ದುಡ್ಡಿನ ಮಾತು ಹೇಳಿದ್ದರು, ನಿಜ. ಓಟದ ಕೋಚ್‌ಗಳು ಇದನ್ನು ಗೋಡೆಯ ಮೇಲೆ ಬರೆಸಿದರೂ ತಪ್ಪಿಲ್ಲ.

ಇನ್ನು ಓಡುವಾಗ ನಿಮಿಷಕ್ಕೆ 180 ಹೆಜ್ಜೆ ಹಾಕಲೇಬೇಕೆಂಬ ಮಂತ್ರ. ಅಮೆರಿಕದ ಕೋಚ್ ಜಾಕ್ ಡೇನಿಯಲ್ಸ್ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಓಟಗಾರರ ಹೆಜ್ಜೆಗಳನ್ನು ಎಣಿಸಿದರು. ಬಹುತೇಕ ಎಲ್ಲರದೂ 180 ಅಥವಾ ಅದಕ್ಕಿಂತ ಹೆಚ್ಚಿತ್ತು. ಅವರು ಎಣಿಸಿದ್ದು ಪದಕಕ್ಕಾಗಿ ಓಡುತ್ತಿದ್ದವರನ್ನು, ದೋಸೆ ತಿನ್ನುವ ಮೊದಲು ನಾಲ್ಕು ಸುತ್ತು ಹಾಕುವ ನಮ್ಮನ್ನಲ್ಲ. ಈಗಿರುವ ಹೆಜ್ಜೆಗಳ ಮೇಲೆ ಶೇ 5ರಿಂದ 10ರಷ್ಟು ಹೆಚ್ಚಿಸಿಕೊಂಡು, ಹೆಜ್ಜೆಯನ್ನು ಚಿಕ್ಕದು ಮಾಡಿಕೊಂಡರೆ ಮೊಣಕಾಲಿನ ಹೊರೆ ಇಳಿಯುತ್ತದೆ. ಸಾಮಾನ್ಯ ಓಟಗಾರನಿಗೆ ಅಷ್ಟು ಸಾಕು. ನೋಡಲು ಚಂದ ಕಾಣುವ ಹಂಬಲವನ್ನಂತೂ ಬಿಟ್ಟುಬಿಡಿ. ಚೆಕೊಸ್ಲೊವಾಕಿಯಾದ ಓಟಗಾರ ಎಮಿಲ್ ಝಾಟೊಪೆಕ್ ತಲೆ ಹೊರಳಿಸುತ್ತ, ಮುಖ ಕಿವುಚಿಕೊಂಡು, ಯಾರೋ ಹಿಂಸೆ ಕೊಡುತ್ತಿದ್ದಾರೇನೋ ಎಂಬಂತೆ ಓಡುತ್ತಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000 ಮೀಟರ್, 10,000 ಮೀಟರ್, ಮ್ಯಾರಥಾನ್ ಮೂರನ್ನೂ ಗೆದ್ದರು, ಅದೂ ಮ್ಯಾರಥಾನ್ ಅವರಿಗೆ ಮೊದಲನೆಯದು.

ಇಷ್ಟೆಲ್ಲ ಹೇಳುವ ನಾನು ಕೋಚ್ ಅಲ್ಲ. ಕೌಟುಂಬಿಕ ಪ್ರಕರಣಗಳನ್ನು ನಡೆಸುವ ವಕೀಲರ ಕಚೇರಿಯಲ್ಲಿ ಪ್ಯಾರಾಲೀಗಲ್. ಊರಿನಲ್ಲಿ ‘ವಕೀಲರ ಗುಮಾಸ್ತೆ’ ಎಂದೇ ಪರಿಚಯ, ನನ್ನದೇನೂ ತಕರಾರಿಲ್ಲ. ವಾದ ಮಾಡುವ ಹಕ್ಕು ನನಗಿಲ್ಲ, ಕಾನೂನು ಸಲಹೆ ಕೊಡುವ ಹಾಗಿಲ್ಲ. ರಾತ್ರಿ ಹತ್ತಕ್ಕೆ ಫೋನ್ ಮಾಡಿ ‘ಒಪ್ಪಿಕೊಂಡುಬಿಡಲೇ ಮೇಡಂ?’ ಎಂದು ಕೇಳುವವರಿಗೆ ‘ನಾಳೆ ಸರ್ ಹತ್ತಿರ ಮಾತನಾಡಿ’ ಎನ್ನುವುದೂ ಕೆಲಸದ ಒಂದು ಭಾಗ, ಅದೇ ಎಲ್ಲಕ್ಕಿಂತ ಕಷ್ಟದ ಭಾಗ. ಉಳಿದಂತೆ ದಾಖಲೆಗಳನ್ನು ಜೋಡಿಸುವುದು, ದಿನಾಂಕಗಳ ಪಟ್ಟಿ ಮಾಡುವುದು, ಪ್ರಮಾಣಪತ್ರದ (ಅಫಿಡವಿಟ್) ಕರಡು ಸಿದ್ಧಪಡಿಸುವುದು, ಕೌಟುಂಬಿಕ ನ್ಯಾಯಾಲಯವಿರುವ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಮುಂದಿನ ದಿನಾಂಕ ಗುರುತು ಹಾಕಿಕೊಂಡು ಬರುವುದು.

ಅಲ್ಲಿಯೂ ದಿನವಿಡೀ ನನ್ನ ಕಣ್ಣಿಗೆ ಬೀಳುವುದು ಇದೇ ಚಾಚಿದ ಕಾಲು.

ಜೀವನಾಂಶದ ಅರ್ಜಿಯನ್ನೇ ತೆಗೆದುಕೊಳ್ಳಿ. ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಒಂದು ಶಿಸ್ತು ತಂದಿತು. ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ, ಖರ್ಚುಗಳನ್ನು ನಿಗದಿತ ನಮೂನೆಯ ಪ್ರಮಾಣಪತ್ರದಲ್ಲಿ ಬಿಚ್ಚಿಡಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಿಗಬೇಕು. ಹೆಂಡತಿ ಅಗತ್ಯವನ್ನು ಹಿಗ್ಗಿಸುವುದು, ಗಂಡ ಆದಾಯವನ್ನು ಬಚ್ಚಿಡುವುದು, ನ್ಯಾಯಾಧೀಶರು ನಡುವೆ ಅಂದಾಜು ಕಟ್ಟುವುದು, ಈ ಪರಿಪಾಠವನ್ನು ಆ ತೀರ್ಪೇ ಎತ್ತಿ ಹೇಳಿದೆ. ಹೇಳಿ ಇಷ್ಟು ವರ್ಷವಾದರೂ ಕರಡು ಬರೆಯಲು ಕೂತರೆ ಹಳೆಯ ರಾಗವೇ.

‘ಹಾಲಿಗೆ ತಿಂಗಳಿಗೆ ಎಷ್ಟಾಗುತ್ತದೆ ಅಕ್ಕಾ?’

‘ಹತ್ತು ಸಾವಿರ ಅಂತ ಬರೆಯಿರಿ.’

‘ದಿನಕ್ಕೆ ಎಷ್ಟು ಲೀಟರ್ ತರಿಸುತ್ತೀರಿ?’

‘ಒಂದು.’

ಇದು ಯಾರೊಬ್ಬರ ಕತೆಯೂ ಅಲ್ಲ, ಬಂದವರಲ್ಲಿ ಅರ್ಧ ಜನರ ಕತೆ. ಆ ಅಕ್ಕನ ಮೇಲೆ ನನಗೆ ಸಿಟ್ಟಿಲ್ಲ. ಬೀದಿಗೆ ಬಿದ್ದವರಿಗೆ ಯಾರೋ ನೆಂಟರು ‘ಜಾಸ್ತಿ ಬರೆಸು, ಕೋರ್ಟಿನಲ್ಲಿ ಹೇಗೂ ಕಡಿಮೆ ಮಾಡುತ್ತಾರೆ’ ಎಂದು ಹೇಳಿ ಕಳಿಸಿರುತ್ತಾರೆ. ಆದರೆ ಪಾಟೀಸವಾಲಿನಲ್ಲಿ ಎದುರು ವಕೀಲರು ಮಗುವಿನ ಶಾಲೆಯ ಫೀ ವಿಷಯಕ್ಕೆ ಹೋಗುವುದೇ ಇಲ್ಲ. ನೇರವಾಗಿ ಹಾಲಿಗೆ ಬರುತ್ತಾರೆ. ಹಾಲಿನ ಲೆಕ್ಕ ಒಡೆದ ಮೇಲೆ ಶಾಲೆಯ ಫೀ, ಔಷಧ, ಮನೆ ಬಾಡಿಗೆ ಎಲ್ಲದರ ಮೇಲೂ ಅನುಮಾನ. ನಿಜವಾದ ಖರ್ಚುಗಳನ್ನು ಸುಳ್ಳು ಹಾಲು ಮುಳುಗಿಸುತ್ತದೆ.

ಗಂಡಂದಿರ ಕಡೆಯ ಸರ್ಕಸ್ ಬೇರೆ. ಸಂಬಳದ ಚೀಟಿಯಲ್ಲಿ ಇದ್ದಕ್ಕಿದ್ದಂತೆ ಹೊಸ ಸಾಲದ ಕಂತು, ತಾನಾಗಿಯೇ ಹೆಚ್ಚಿಸಿಕೊಂಡ ಭವಿಷ್ಯ ನಿಧಿ ಕಡಿತ, ಕೈಗೆ ಬರುವುದು ಪುಡಿಗಾಸು. ಬ್ಯಾಂಕ್ ಖಾತೆಯ ವಿವರ ತರಿಸಿದರೆ ಅದೇ ತಿಂಗಳು ರೆಸಾರ್ಟ್‌ಗೆ ಹಣ ಹೋಗಿರುತ್ತದೆ. ಇವರಿಗೆ ನನ್ನ ಕನಿಕರ ಇನ್ನೂ ಕಡಿಮೆ. ಹಸಿವಿಗೆ ಹೆದರಿ ಹಿಗ್ಗಿಸುವುದಕ್ಕೂ ಕೊಡಬಾರದೆಂದು ಬಚ್ಚಿಡುವುದಕ್ಕೂ ವ್ಯತ್ಯಾಸವಿದೆ.

ಹಿಂದೂ ವಿವಾಹ ಕಾಯ್ದೆಯ 24ನೇ ಕಲಮು ಮಧ್ಯಂತರ ಜೀವನಾಂಶದ ಅರ್ಜಿಯನ್ನು ಸಾಧ್ಯವಾದಷ್ಟೂ ನೋಟಿಸ್ ಜಾರಿಯಾದ 60 ದಿನಗಳೊಳಗೆ ಮುಗಿಸಬೇಕೆನ್ನುತ್ತದೆ. ‘ಸಾಧ್ಯವಾದಷ್ಟೂ’ ಎಂಬುದರೊಳಗೆ ಎಷ್ಟು ವಾಯಿದೆಗಳು ಹಿಡಿಸುತ್ತವೆ ಎಂಬುದನ್ನು ಕೋರ್ಟಿನ ಕಾರಿಡಾರಿನಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತವರನ್ನು ಕೇಳಬೇಕು. ತಡಕ್ಕೆಲ್ಲ ಕಕ್ಷಿದಾರರೇ ಕಾರಣ ಎಂದರೆ ಅನ್ಯಾಯವಾದೀತು. ನ್ಯಾಯಾಧೀಶರ ಮುಂದೆ ರಾಶಿ ಕಡತಗಳಿವೆ, ನೋಟಿಸ್ ತಲುಪುವುದೇ ಒಂದು ಸಾಹಸ. ಆದರೆ ಪ್ರತಿಯೊಂದು ಉಬ್ಬಿಸಿದ ಸಾಲಿಗೂ ಎದುರಿನವರು ತಕರಾರು ಹಾಕುತ್ತಾರೆ, ಪ್ರತಿಯೊಂದು ತಕರಾರೂ ಒಂದೆರಡು ವಾಯಿದೆ ನುಂಗುತ್ತದೆ. ಅಷ್ಟರಮಟ್ಟಿಗೆ ಈ ಬ್ರೇಕ್ ನಮ್ಮದೇ ಕಾಲಿನದು.

ನನಗೆ ಇಷ್ಟವಾದ ಕಡತವೆಂದರೆ ಮನೆಗೆಲಸ ಮಾಡುವ ಮಹಿಳೆಯೊಬ್ಬರು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ತಂದದ್ದು. ಶಾಲೆಯ ಫೀ ರಸೀದಿಗಳು, ಔಷಧದ ಬಿಲ್ಲುಗಳು, ಮಾಲೀಕರು ಬಾಡಿಗೆ ಬರೆದುಕೊಡುತ್ತಿದ್ದ ಚಿಕ್ಕ ಪುಸ್ತಕ, ಅರಿಶಿನದ ಕಲೆ ಹತ್ತಿದ ಪಾಸ್‌ಬುಕ್. ಮೇಜಿನ ಮೇಲೆ ಜಾಗ ಸಾಲದೆ ನೆಲದ ಮೇಲೆ ತಿಂಗಳ ಪ್ರಕಾರ ಹರಡಿಕೊಂಡು ಕೂತೆ. ಸಣ್ಣ ಸಣ್ಣ ಮೊತ್ತಗಳು. ಒಂದಕ್ಕೂ ಸೊನ್ನೆ ಸೇರಿಸಬೇಕಾಗಲಿಲ್ಲ.

‘ಜಾಸ್ತಿ ಕೇಳದಿದ್ದರೆ ಸಿಗುವುದೂ ಸಿಗುವುದಿಲ್ಲ’ ಎಂದು ಕೆಳಗೆ ಬರೆಯುವವರು ಇದ್ದೇ ಇರುತ್ತೀರಿ. ಈ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಕಾಗದವಿಲ್ಲದ ಕಡೆ ನ್ಯಾಯಾಧೀಶರು ಅಂದಾಜಿನ ಮೇಲೆಯೇ ಹೋಗಬೇಕು, ಅಂದಾಜು ಯಾವಾಗಲೂ ಕತ್ತರಿ ಹಿಡಿದೇ ಬರುತ್ತದೆ. ತರಕಾರಿಗೆ, ಆಟೊಗೆ ರಸೀದಿ ಎಲ್ಲಿಂದ ತರುವುದು ಎಂದರೆ ಆ ಪ್ರಶ್ನೆಯೂ ಸರಿಯೇ. ಅಂಥದ್ದಕ್ಕೆ ಮನೆಯಲ್ಲಿ ನಡೆಯುವ ನಿಜವಾದ ಲೆಕ್ಕ ಬರೆಸಿ, ಉಳಿದದ್ದಕ್ಕೆ ಕಾಗದ ಕೊಡಿ. ಶಾಲೆಯ ಮೊಹರು ಬಿದ್ದ ಫೀ ರಸೀದಿಗೆ ಕತ್ತರಿ ಹಾಕಿದ್ದನ್ನು ನಾನಂತೂ ಇನ್ನೂ ಕಂಡಿಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಹಿಂಜರಿಯುವ ಹೆಣ್ಣುಮಕ್ಕಳು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಗೆ ಉಚಿತ ವಕೀಲರನ್ನು ಕೊಡಲು ಆದಾಯ ಎಷ್ಟೆಂದು ನೋಡುವುದಿಲ್ಲ. ಹೋಗುವಾಗ ಆ ಪ್ಲಾಸ್ಟಿಕ್ ಕವರನ್ನು ಮರೆಯಬೇಡಿ.