ಕೈಲಿರೋದು ಇಂಡಿಯನ್ ಪಾಸ್‌ಪೋರ್ಟ್, ಆದ್ರೂ ಸ್ಲೌನಲ್ಲಿ ನಮಗೆ ಓಟಿದೆ

ಹೋದ ಭಾನುವಾರ ಇಲ್ಲೇ ಲಂಡನ್ ಪಕ್ಕದ ನಮ್ಮ ಸ್ಲೌ ಊರಿನ ಲ್ಯಾಂಗ್ಲಿ ಕಡೆ ಸ್ನೇಹಿತರೊಬ್ರ ಮನೇಲಿ ಸತ್ಯನಾರಾಯಣ ಪೂಜೆ ಇತ್ತು. ಊಟ ಮುಗಿದ್ಮೇಲೆ ಎಲ್ರೂ ಹಾಲ್‌ನಲ್ಲಿ ಕೂತು ಮಾತಾಡ್ತಿದ್ವಿ, ಒಂದು ಹದಿನೈದು ಜನ ಇರ್ಬಹುದು, ಎಲ್ಲಾ ನಮ್ಮವರೇ, ಹಾಸನ ಮೈಸೂರು ದಾವಣಗೆರೆ ಹುಬ್ಬಳ್ಳಿ ಕಡೆಯವ್ರು, ಐಟಿಯವ್ರೇ ಜಾಸ್ತಿ, ಇಬ್ರು ಆಸ್ಪತ್ರೇಲಿ ನರ್ಸು. ಮಾತು ಎಲ್ಲಿಂದಲೋ ಶುರುವಾಗಿ ಕೌನ್ಸಿಲ್ ಟ್ಯಾಕ್ಸ್‌ಗೆ, ಅಂದ್ರೆ ಇಲ್ಲಿನ ಊರಾಡಳಿತಕ್ಕೆ ನಾವು ಕಟ್ಟೋ ಮನೆ ತೆರಿಗೆಗೆ, ಬಂತು. ಇಷ್ಟು ಕಟ್ತೀವಿ, ಕಸ ಮಾತ್ರ ಎರಡು ವಾರಕ್ಕೊಂದ್ಸಲ ತಗೊಂಡು ಹೋಗ್ತಾರೆ, ರಸ್ತೇಲಿ ಗುಂಡಿ, ಪಾರ್ಕಿಂಗ್ ಇಲ್ಲ, ಹೀಗೇ ಒಬ್ಬೊಬ್ರದೂ ಒಂದೊಂದು. ನಾನು ಸುಮ್ನೆ ಕೇಳ್ದೆ, ಹಿಂದಿನ್ಸಲ ಕೌನ್ಸಿಲ್ ಎಲೆಕ್ಷನ್‌ನಲ್ಲಿ ಯಾರ್ಯಾರು ಓಟು ಹಾಕಿದ್ರಿ ಅಂತ. ಮೂರು ಕೈ ಎದ್ದವು. ಮಿಕ್ಕವ್ರಲ್ಲಿ ಒಬ್ರು, ಇಲ್ಲಿಗೆ ಬಂದು ಏಳು ವರ್ಷ ಆದವ್ರು, "ನಾವಿನ್ನೂ ಇಂಡಿಯನ್ ಸಿಟಿಜನ್ಸ್ ಅಲ್ವೇನ್ರೀ, ನಮಗೆಲ್ಲಿ ಓಟು" ಅಂದ್ರು. ಸುತ್ತ ಕೂತಿದ್ದವ್ರೆಲ್ಲ ತಲೆ ಆಡಿಸಿದ್ರು.

ಅವತ್ತು ರಾತ್ರಿಯಿಂದ ಇದೇ ತಲೇಲಿ ಓಡ್ತಿದೆ, ಅದಕ್ಕೇ ಬರೀತಿದೀನಿ. ಉದ್ದ ಆಗುತ್ತೆ, ಆದ್ರೂ ಇಂಗ್ಲೆಂಡ್‌ನಲ್ಲಿರೋ ಕನ್ನಡದವ್ರು ದಯವಿಟ್ಟು ಪೂರ್ತಿ ಓದಿ.

ನಮಗೆ ಓಟಿದೆ. ವರ್ಕ್ ವೀಸಾ ಇದ್ರೂ ಇದೆ, ಸ್ಟೂಡೆಂಟ್ ವೀಸಾ ಇದ್ರೂ ಇದೆ, ಡಿಪೆಂಡೆಂಟ್ ಆಗಿ ಬಂದಿದ್ರೂ ಇದೆ. ಭಾರತ ಕಾಮನ್‌ವೆಲ್ತ್ ದೇಶ, ಕಾಮನ್‌ವೆಲ್ತ್ ದೇಶದ ಪ್ರಜೆ ಸರಿಯಾದ ವೀಸಾ ಇಟ್ಕೊಂಡು ಇಲ್ಲಿ ವಾಸ ಮಾಡ್ತಿದ್ರೆ, 18 ವರ್ಷ ತುಂಬಿದ್ರೆ, ಕೌನ್ಸಿಲ್ ಎಲೆಕ್ಷನ್‌ಗೂ ಹಾಕ್ಬಹುದು, ಪಾರ್ಲಿಮೆಂಟ್ ಎಲೆಕ್ಷನ್‌ಗೂ ಹಾಕ್ಬಹುದು. ನನ್ನ ಟೀಮ್‌ನಲ್ಲಿ ಜರ್ಮನಿಯಿಂದ ಎರಡು ವರ್ಷದ ಹಿಂದೆ ಬಂದ ಹುಡುಗ ಇದಾನೆ, ಅವನಿಗೆ ಇಲ್ಲಿ ಯಾವ ಓಟೂ ಇಲ್ಲ. ತಿಪಟೂರಿನ ಪಕ್ಕದ ಹಳ್ಳಿಯಿಂದ ಬಂದ ನನಗೆ ಇದೆ. ಇದು ಇವತ್ತು ನಿನ್ನೆ ಕೊಟ್ಟಿದ್ದಲ್ಲ, ನಮ್ಮ ಹಿಂದಿನವ್ರು ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳಾಗಿದ್ದ ಕಾಲದಿಂದ ಉಳ್ಕೊಂಡು ಬಂದಿರೋ ಹಕ್ಕು, ಆ ಸಾಮ್ರಾಜ್ಯ ನಮ್ಮಿಂದ ತಗೊಂಡಿದ್ದಕ್ಕೆ ಹೋಲಿಸಿದ್ರೆ ಇದೊಂದು ಸಣ್ಣದು, ಆದ್ರೂ ಇರೋದನ್ನ ಯಾಕೆ ಬಿಡ್ಬೇಕು.

ನಾನೂ ಬಿಟ್ಟಿದ್ದೆ ಅಂತ ಮೊದ್ಲೇ ಹೇಳ್ಬಿಡ್ತೀನಿ. 2020ರ ಫೆಬ್ರವರೀಲಿ ಇಲ್ಲಿಗೆ ಬಂದಿದ್ದು. ಕ್ರೆಡಿಟ್ ಸ್ಕೋರ್ ಚೆನ್ನಾಗಾಗುತ್ತೆ ಅಂತ ಯಾರೋ ಹೇಳಿದ್ರು ಅಂತ ಎಲೆಕ್ಟೋರಲ್ ರಿಜಿಸ್ಟರ್‌ನಲ್ಲಿ, ಅಂದ್ರೆ ಮತದಾರರ ಪಟ್ಟೀಲಿ, ಹೆಸರು ಹಾಕ್ಸಿದ್ದೆ ಅಷ್ಟೇ, ಫೋನ್ ಕಾಂಟ್ರ್ಯಾಕ್ಟ್ ತಗೋಬೇಕಿತ್ತಲ್ಲ ಅದಕ್ಕೆ. 2021ರ ಮೇ ಕೌನ್ಸಿಲ್ ಎಲೆಕ್ಷನ್‌ಗೆ ಅಂತ ಪೋಲ್ ಕಾರ್ಡ್ (ಎಲ್ಲಿ, ಯಾವತ್ತು ಓಟು ಅಂತ ತಿಳಿಸೋ ಕಾರ್ಡು) ಬಂತು, ಕರಪತ್ರಗಳೂ ಬಂದ್ವು, ನೋಡಿ ರೀಸೈಕ್ಲಿಂಗ್‌ಗೆ ಹಾಕ್ದೆ. ಅದಾಗಿ ಎರಡು ತಿಂಗಳಿಗೆ, ಜುಲೈನಲ್ಲಿ, ಸ್ಲೌ ಬರೋ ಕೌನ್ಸಿಲ್ (‘ಬರೋ’ ಅಂದ್ರೆ borough, ಇಲ್ಲಿನ ಊರಾಡಳಿತದ ಒಂದು ವಿಭಾಗ) ಸೆಕ್ಷನ್ 114 ನೋಟಿಸ್ ಹೊರಡಿಸಿತು ಅಂತ ಸುದ್ದಿ.

ಏನಿದು 114 ಅಂದ್ರೆ, 1988ರ ಕಾನೂನೊಂದರಲ್ಲಿ ಬರೋ ಸೆಕ್ಷನ್ ಅದು. ಕೌನ್ಸಿಲ್‌ನ ಹಣಕಾಸಿನ ಮುಖ್ಯ ಅಧಿಕಾರಿ ಈ ವರ್ಷ ಬರೋ ದುಡ್ಡಲ್ಲಿ ಖರ್ಚು ತೂಗಲ್ಲ ಅಂತ ಬರೆದು ಸಹಿ ಹಾಕಿ ಕೊಡೋದು. ಆಮೇಲೆ ಕಾನೂನು ಪ್ರಕಾರ ಮಾಡಲೇಬೇಕಾದ ಕೆಲಸ ಬಿಟ್ಟು ಹೊಸ ಖರ್ಚೆಲ್ಲ ಬಂದ್. ಪೇಪರ್‌ನವ್ರು ಕೌನ್ಸಿಲ್ ದಿವಾಳಿ ಅಂತಾರೆ, ಕಂಪನಿ ಥರ ಬಾಗಿಲು ಹಾಕ್ಕೊಂಡು ಹೋಗೋಕಂತೂ ಕೌನ್ಸಿಲ್‌ಗೆ ಆಗಲ್ಲ. ಸಾಲ ಸುಮಾರು 76 ಕೋಟಿ ಪೌಂಡ್. 2021ರ ಜನಗಣತಿ ಪ್ರಕಾರ ಸ್ಲೌ ಜನಸಂಖ್ಯೆ 1.58 ಲಕ್ಷ ಚಿಲ್ಲರೆ, ಅಂದ್ರೆ ಕೂಸು ಮುದುಕರು ಎಲ್ಲಾ ಸೇರಿ ತಲೆಗೆ 4,800 ಪೌಂಡ್ ಹತ್ರ ಹತ್ರ ಬೀಳುತ್ತೆ, ನಾನೇ ಕ್ಯಾಲ್ಕುಲೇಟರ್‌ನಲ್ಲಿ ಭಾಗಿಸಿ ನೋಡಿದೆ. ವರ್ಷಗಟ್ಟಲೆ ಸಾಲ ತಂದು ಹೂಡಿಕೆ ಮಾಡಿದ್ರು, ತೀರಿಸೋಕೆ ಅಂತ ಪ್ರತಿ ವರ್ಷ ತೆಗೆದಿಡಬೇಕಾದ ದುಡ್ಡನ್ನ ಸರಿಯಾಗಿ ತೆಗೆದಿಡಲಿಲ್ಲ, ಹಳೇ ವರ್ಷಗಳ ಲೆಕ್ಕಪತ್ರ ಆಡಿಟ್ ಆಗ್ದೇ ಬಾಕಿ ಬಿದ್ದಿತ್ತು. ನಮ್ಮ ಮನೆ ಯಜಮಾನ ಹೀಗೆ ಮಾಡಿದ್ರೆ ಮನೆಯವ್ರು ಒಂದಿನಾನಾದ್ರೂ ಕೇಳ್ತಿದ್ರು. 2021ರ ಡಿಸೆಂಬರ್‌ನಲ್ಲಿ ಸರ್ಕಾರ ಕೌನ್ಸಿಲ್ ಮೇಲೆ ಕಣ್ಣಿಡೋಕೆ ಲಂಡನ್‌ನಿಂದ ಕಮಿಷನರ್‌ಗಳನ್ನ ಕಳಿಸ್ತು, ಆಸ್ತಿ ಮಾರಿ ಸಾಲ ಇಳಿಸಿ ಅಂತ ಶುರುವಾಯ್ತು.

ಇದರ ಬಿಲ್ಲು ನಮ್ಮ ಮನೆಗೆ ಬಂದಿದ್ದು 2023ರ ಏಪ್ರಿಲ್‌ನಲ್ಲಿ. ಬೇರೆ ಕಡೆ ಇಂಥ ಕೌನ್ಸಿಲ್‌ಗಳು ಜನಮತ ಕೇಳ್ದೇ 4.99% ತನಕ ಟ್ಯಾಕ್ಸ್ ಏರಿಸ್ಬಹುದಿತ್ತು, ಸ್ಲೌಗೆ ವಿಶೇಷ ಅನುಮತಿ ಕೊಟ್ಟು 9.99% ಏರ್ಸಿದ್ರು. ಮರು ವರ್ಷ ಮತ್ತೆ 8.5%. ಪೂಜೆ ಮನೇಲಿ ಟ್ಯಾಕ್ಸ್ ಬಗ್ಗೆ ಮಾತಾಡಿದವ್ರಲ್ಲಿ ಇದು ಯಾಕೆ ಏರ್ತು ಅಂತ ಹೇಳೋಕೆ ಇಬ್ರಿಗೋ ಮೂರು ಜನಕ್ಕೋ ಬಂತು. ಅವ್ರನ್ನೇ ಮಕ್ಕಳ 11 ಪ್ಲಸ್ ಪರೀಕ್ಷೆ ಬಗ್ಗೆ ಕೇಳಿ, ಆ ಪರೀಕ್ಷೆ ಪಾಸಾದವ್ರನ್ನ ತಗೊಳ್ಳೋ ಇಲ್ಲಿನ ನಾಲ್ಕೂ ಗ್ರಾಮರ್ ಸ್ಕೂಲ್‌ದು ಹೋದ ವರ್ಷದ ಕಟ್ ಆಫ್ ಎಷ್ಟು, ಯಾವ ಟ್ಯೂಷನ್ ಒಳ್ಳೇದು, ಎಲ್ಲಾ ಬಾಯಲ್ಲೇ ಇದೆ. ಅಷ್ಟು ಬುದ್ಧಿ, ಅಷ್ಟು ಶ್ರದ್ಧೆ ಇರೋ ಜನ ನಾವು, ಅದಕ್ಕೇ ನನಗೆ ಹೊಟ್ಟೆ ಉರಿಯೋದು.

ಈಗ 2023ರ ಮೇ 4ರ ಕಥೆ. ಅದಕ್ಕೆ ಮುಂಚೆ ಸ್ಲೌನಲ್ಲಿ ಒಂದೊಂದು ವರ್ಷ ಮೂರನೇ ಒಂದು ಭಾಗ ಸೀಟಿಗೆ ಮಾತ್ರ ಎಲೆಕ್ಷನ್ ಆಗ್ತಿತ್ತು, ಆ ವರ್ಷದಿಂದ ಎಲ್ಲಾ ಸೀಟಿಗೂ ಒಟ್ಟಿಗೆ, ನಾಲ್ಕು ವರ್ಷಕ್ಕೊಂದ್ಸಲ ಅಂತ ಬದಲಾಯ್ತು. 21 ವಾರ್ಡು, ವಾರ್ಡಿಗೆ ಇಬ್ರು, ಒಟ್ಟು 42. ಆಗ ನಮ್ಮಮ್ಮ ಊರಿಂದ ಬಂದಿದ್ರು, ವಿಸಿಟರ್ ವೀಸಾದಲ್ಲಿ. ಅಮ್ಮ ಹಿಂದೆ ಒಂದು ಅವಧಿ ನಮ್ಮೂರಲ್ಲಿ ಗ್ರಾಮ ಪಂಚಾಯ್ತಿ ಮೆಂಬರ್ ಆಗಿದ್ರು, ಮಹಿಳಾ ಮೀಸಲು ಸೀಟಿನಿಂದ. ಬಾಗಿಲಲ್ಲಿ ಬಿದ್ದಿದ್ದ ಕರಪತ್ರ ಎತ್ಕೊಂಡು ಬಂದು ಏನೇ ಇದು ಓದಿ ಹೇಳು ಅಂದ್ರು. ಓದಿ ಹೇಳ್ದೆ. ಬೀದಿ ದೀಪ, ಕಸ, ರಸ್ತೆ ಗುಂಡಿ, ಪಾರ್ಕ್, ವಯಸ್ಸಾದವ್ರನ್ನ ನೋಡ್ಕೊಳೋದು, ಖಾಲಿ ಜಾಗದಲ್ಲಿ ಯಾರೋ ಎತ್ತರದ ಫ್ಲ್ಯಾಟ್ ಕಟ್ಟೋಕೆ ಹೊರಟಿರೋದು. ಅಮ್ಮ ಎಲ್ಲಾ ಕೇಳಿಸ್ಕೊಂಡು "ಹಂಗಾದ್ರೆ ಇದು ನಮ್ ಪಂಚಾಯ್ತಿನೇ ಅಲ್ವೇನೇ? ನೀನು ಹೋಗಿಲ್ಲ ಅಂದ್ರೆ ನಿನ್ ಬೀದಿ ದೀಪ ಯಾರ್ ಕೇಳ್ತಾರೆ" ಅಂದ್ರು. ಎರಡು ವರ್ಷ ನಾನು ಯೋಚ್ನೇನೇ ಮಾಡದೇ ಇದ್ದದ್ದನ್ನ ಅಮ್ಮ ಒಂದು ಕರಪತ್ರದಲ್ಲಿ ಹಿಡಿದ್ರು.

ಇಲ್ಲಿ ಎಲೆಕ್ಷನ್ ಗುರುವಾರ ಇರುತ್ತೆ, ರಜೆ ಇಲ್ಲ, ಬೆಳಿಗ್ಗೆ 7ರಿಂದ ರಾತ್ರಿ 10. ಆಫೀಸ್ ಮುಗಿಸಿ ಸಂಜೆ ಹೋದ್ವಿ, ಅಮ್ಮನೂ ಶಾಲು ಹೊದ್ಕೊಂಡು ಬಂದ್ರು, ಓಟು ಇಲ್ಲದಿದ್ರೂ ನೋಡ್ಬೇಕು ಅಂತ. ಮತಗಟ್ಟೆ ಮುಂದೆ ಒಬ್ರು ನಾಯಿ ಹಿಡ್ಕೊಂಡು ನಿಂತಿದ್ರು, ಬೇರೆ ಬೇರೆ ಪಾರ್ಟಿಯ ಇಬ್ರು ಒಂದೇ ಬೆಂಚಲ್ಲಿ ಕೂತು ಮಾತಾಡ್ತಿದ್ರು. "ಪೊಲೀಸ್ರೇ ಇಲ್ವಲ್ಲೇ" ಅಂತ ಅಮ್ಮ. ಒಳಗೆ ಹೋದೆ, ಹೆಸರು ಅಡ್ರೆಸ್ ಕೇಳಿದ್ರು, ಫೋಟೋ ಇರೋ ಐಡಿ ಕೇಳಿದ್ರು, ನಾನು ನಮ್ಮ ನೀಲಿ ಪಾಸ್‌ಪೋರ್ಟ್ ಕೊಟ್ಟೆ, ಮೂರು ಸಿಂಹದ ಮುದ್ರೆ ಇರೋದು. ಆ ಹೆಂಗಸು ತೆಗೆದು ಮುಖ ನೋಡಿ ಥ್ಯಾಂಕ್ಯೂ ಅಂತ ಉದ್ದದ ಒಂದು ಕಾಗದ ಹರಿದು ಕೊಟ್ರು. ಸೀಲು ಇಲ್ಲ, ಮೆಷಿನ್ ಇಲ್ಲ, ದಾರ ಕಟ್ಟಿರೋ ಒಂದು ಪೆನ್ಸಿಲ್. ಇಬ್ರನ್ನ ಆರಿಸ್ಬೇಕು ಅಂತ ಎರಡು ಕಡೆ ಗುಣಿಸು ಗುರ್ತು ಹಾಕಿ ಮಡಚಿ ಡಬ್ಬಕ್ಕೆ ಹಾಕ್ದೆ. ಕೈ ನಡುಗ್ತಿತ್ತು ನಿಜವಾಗ್ಲೂ. ಹೊರಗೆ ಬಂದ್ರೆ ಅಮ್ಮ ನನ್ನ ಎಡಗೈ ಹಿಡಿದು ಬೆರಳು ತಿರುಗಿಸಿ ನೋಡಿದ್ರು, ಶಾಯಿ ಹಚ್ಚಿಲ್ವಲ್ಲ, ಯಾರೂ ನಂಬಲ್ಲ ಅಂತ.

ಐಡಿ ವಿಷಯ ಬಂತಲ್ಲ, ಅದೂ ಹೇಳ್ಬೇಕು. 2023ರ ಆ ಎಲೆಕ್ಷನ್‌ನಲ್ಲೇ ಇಂಗ್ಲೆಂಡ್‌ನಲ್ಲಿ ಫೋಟೋ ಐಡಿ ಮೊದಲ ಸಲ ಕಡ್ಡಾಯ ಆಗಿದ್ದು. ಸರಿಯಾದ ಐಡಿ ಇಲ್ಲ ಅಂತ ವಾಪಸ್ ಹೋಗಿ ಓಟೇ ಹಾಕದೇ ಉಳಿದವ್ರು ಇಂಗ್ಲೆಂಡ್‌ನಲ್ಲಿ ಸುಮಾರು 14,000 ಜನ ಅಂತ ಎಲೆಕ್ಟೋರಲ್ ಕಮಿಷನ್ನೇ ಹೇಳಿದೆ. ಲಂಡನ್‌ನ ಬಸ್ಸು ಟ್ರೈನಲ್ಲಿ ಓಡಾಡೋಕೆ ವಯಸ್ಸಾದವ್ರಿಗೆ ಕೊಡೋ 60 ಪ್ಲಸ್ ಆಯ್ಸ್ಟರ್ ಕಾರ್ಡ್ ನಡೆಯುತ್ತೆ ಅಂದ್ರು, 18 ದಾಟಿದ ವಿದ್ಯಾರ್ಥಿಗಳ ಆಯ್ಸ್ಟರ್ ಕಾರ್ಡ್ ನಡೆಯಲ್ಲ ಅಂದ್ರು. ಇದು ನನಗೆ ಅನ್ಯಾಯ ಅನ್ಸುತ್ತೆ. ಆದ್ರೆ ಇನ್ನೊಂದು ಕಡೆನೂ ಇದೆ, ಇದೇ ಸ್ಲೌನಲ್ಲಿ 2007ರ ಕೌನ್ಸಿಲ್ ಎಲೆಕ್ಷನ್‌ನಲ್ಲಿ ಸೆಂಟ್ರಲ್ ವಾರ್ಡಿನಲ್ಲಿ ಇಲ್ಲದೇ ಇರೋ ಜನರ ಹೆಸರನ್ನ ಪಟ್ಟೀಲಿ ಸೇರಿಸಿ ಪೋಸ್ಟಲ್ ಓಟು (ಅಂಚೇಲಿ ಕಳಿಸೋ ಓಟು) ಹಾಕಿಸಿದ್ದು ಕೋರ್ಟಲ್ಲಿ ಸಾಬೀತಾಗಿ ಗೆದ್ದವ್ರ ಸೀಟು ಹೋಯ್ತು, ಆಮೇಲೆ ಜೈಲೂ ಆಯ್ತು. ಹಾಗಾಗಿ ಪಟ್ಟಿ ಶುದ್ಧವಾಗಿರ್ಬೇಕು ಅನ್ನೋದು ಇಲ್ಲಿನವ್ರಿಗೆ ಬರೀ ಬಾಯಿಮಾತಲ್ಲ. ಆದ್ರೆ ಆ ಮೋಸ ನಡೆದಿದ್ದು ಪೋಸ್ಟಲ್ ಓಟಲ್ಲಿ, ಐಡಿ ಕೇಳ್ತಿರೋದು ಮತಗಟ್ಟೆಗೆ ಬಂದು ಲೈನಲ್ಲಿ ನಿಲ್ಲೋವ್ರನ್ನ. ನಮಗಂತೂ ಇದು ತೊಂದ್ರೆನೇ ಅಲ್ಲ, ಪಾಸ್‌ಪೋರ್ಟ್ ಇಲ್ಲದೇ ಇಲ್ಲಿಗೆ ಬಂದಿರೋ ಕನ್ನಡಿಗರು ಯಾರೂ ಇಲ್ವಲ್ಲ, ಇಂಡಿಯನ್ ಪಾಸ್‌ಪೋರ್ಟ್ ಐಡಿ ಲಿಸ್ಟ್‌ನಲ್ಲಿ ಸರಿಯಾಗೇ ಇದೆ.

ಫಲಿತಾಂಶ ಬಂತು. 2008ರಿಂದ ಲೇಬರ್ ಪಾರ್ಟಿ ಕೈಲಿದ್ದ ಕೌನ್ಸಿಲ್ ಅವ್ರ ಕೈತಪ್ಪಿತು. ಕನ್ಸರ್ವೇಟಿವ್ 21, ಲೇಬರ್ 18, ಲಿಬರಲ್ ಡೆಮಾಕ್ರಾಟ್ 3. ಬಹುಮತಕ್ಕೆ 22 ಬೇಕು, ಒಂದೇ ಒಂದು ಸೀಟು ಕಮ್ಮಿ. ಲಿಬ್ ಡೆಮ್‌ನ ಮೂರು ಜನರ ಬೆಂಬಲ ತಗೊಂಡು ಕನ್ಸರ್ವೇಟಿವ್‌ನವ್ರು ಆಡಳಿತ ಹಿಡಿದ್ರು, ಡೆಕ್ಸ್‌ಟರ್ ಸ್ಮಿತ್ ಲೀಡರ್ ಆದ್ರು. ಅದೇ ದಿನ ದೇಶದ ಮಿಕ್ಕ ಕಡೆ ಕನ್ಸರ್ವೇಟಿವ್‌ನವ್ರು ಸಾವಿರಕ್ಕೂ ಹೆಚ್ಚು ಸೀಟು ಕಳ್ಕೊಂಡಿದ್ರು, ಸ್ಲೌನಲ್ಲಿ ಮಾತ್ರ ಗಾಳಿ ಉಲ್ಟಾ ಬೀಸ್ತು. ಯಾಕೆ ಅಂದ್ರೆ ಇಲ್ಲಿನ ಜನ ವೆಸ್ಟ್‌ಮಿನ್‌ಸ್ಟರ್‌ನ, ಅಂದ್ರೆ ಪಾರ್ಲಿಮೆಂಟಿನ, ಜಗಳ ನೋಡಿ ಓಟು ಹಾಕ್ಲಿಲ್ಲ, ತಮ್ಮೂರಿನ ಲೆಕ್ಕ ಕೇಳಿದ್ರು. ನಾನು ಯಾರಿಗೆ ಹಾಕ್ದೆ ಅನ್ನೋದು ಇಲ್ಲಿ ಹೇಳಲ್ಲ, ಗೆದ್ದವ್ರು ಒಳ್ಳೇವ್ರು ಸೋತವ್ರು ಕೆಟ್ಟವ್ರು ಅಂತಲೂ ಹೇಳ್ತಿಲ್ಲ, ಗೆದ್ದವ್ರಿಗೂ ಅದೇ ಸಾಲ ಅದೇ ಕಮಿಷನರ್‌ಗಳು. ಆದ್ರೆ ಊರು ಹಾಳಾದಾಗ ಊರಿನವ್ರು ಕೇಳ್ಬೇಕು, ಇಲ್ಲಿ ಕೇಳಿದ್ರು. ಆ ಕೇಳಿದವ್ರಲ್ಲಿ ನಮ್ಮವ್ರು ಎಷ್ಟು ಜನ ಇದ್ರು ಅನ್ನೋದೇ ನನ್ನ ಸಂಕಟ. ಒಂದು ಸೀಟಿನಲ್ಲಿ ಬಹುಮತ ತಪ್ಪೋ ಊರಲ್ಲಿ, ಮೂರರಲ್ಲಿ ಒಬ್ರು ಬಂದ್ರೆ ಹೆಚ್ಚು ಅನ್ನೋ ಎಲೆಕ್ಷನ್‌ನಲ್ಲಿ, ಒಂದು ವಾರ್ಡಿನ ಮೂವತ್ತು ನಲವತ್ತು ಕನ್ನಡ ಮನೆ ತುಂಬಾ ದೊಡ್ಡದು.

ನಮಗ್ಯಾಕೆ ಇವ್ರ ರಾಜಕೀಯ, ನಾವು ನಾಲ್ಕು ದಿನ ದುಡಿದು ವಾಪಸ್ ಹೋಗೋವ್ರು ಅಂತ ಒಬ್ರು ಅಂದ್ರು ಅವತ್ತು ಪೂಜೆ ಮನೇಲಿ. ವಿ.ಕೆ. ಕೃಷ್ಣ ಮೆನನ್ ಅವ್ರೂ ಒಂದಿನ ವಾಪಸ್ ಹೋದವ್ರೇ, ಆಮೇಲೆ ನಮ್ಮ ರಕ್ಷಣಾ ಮಂತ್ರಿ ಆದ್ರು. ಆದ್ರೆ ಅದಕ್ಕೂ ಮುಂಚೆ 1934ರಿಂದ 1947ರ ತನಕ ಲಂಡನ್‌ನ ಸೇಂಟ್ ಪ್ಯಾಂಕ್ರಸ್ ಬರೋದಲ್ಲಿ ಕೌನ್ಸಿಲರ್ ಆಗಿದ್ರು. ಒಂದು ಕಡೆ ಇಂಡಿಯಾ ಲೀಗ್ ಕಟ್ಕೊಂಡು ಸ್ವಾತಂತ್ರ್ಯಕ್ಕೆ ಓಡಾಡ್ತಿದ್ದ ಮನುಷ್ಯ, ಇನ್ನೊಂದು ಕಡೆ ಬರೋದ ಲೈಬ್ರರಿ ಕಮಿಟಿಗೆ ಅಧ್ಯಕ್ಷರಾಗಿ ಅಲ್ಲಿನ ಬಡವರ ಮಕ್ಕಳಿಗೆ ಪುಸ್ತಕ ಸಿಗೋ ಹಾಗೆ ಮಾಡಿದ್ರು. ವಾಪಸ್ ಹೋಗ್ತೀನಿ ಅಂತ ಅವ್ರು ಇದ್ದ ಬೀದಿನ ಬಿಟ್ಟಿರಲಿಲ್ಲ.

ನಮ್ಮವ್ರ ಉದಾಹರಣೆನೇ ಬೇಕು ಅಂದ್ರೆ ಕಲಬುರಗಿಯ ಡಾ. ನೀರಜ್ ಪಾಟೀಲ್, ಲ್ಯಾಂಬೆತ್ ಬರೋದ ಕೌನ್ಸಿಲರ್ ಆಗಿ 2010-11ರಲ್ಲಿ ಮೇಯರ್ ಆದವ್ರು. ಥೇಮ್ಸ್ ದಂಡೆ ಮೇಲೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪುತ್ಥಳಿ ಇದೆಯಲ್ಲ, 2015ರ ನವೆಂಬರ್ 14ಕ್ಕೆ ಪ್ರಧಾನಿ ಮೋದಿ ಅನಾವರಣ ಮಾಡಿದ್ದು, ಊರಿಂದ ಯಾರೇ ಬರ್ಲಿ ನಾವು ಕರ್ಕೊಂಡು ಹೋಗಿ ಫೋಟೋ ತೆಗೆಸೋ ಜಾಗ, ಅದರ ಹಿಂದೆ ಓಡಾಡಿದವ್ರು ಅವ್ರೇ. ಒಂದು ಬರೋ ಕೌನ್ಸಿಲ್‌ನ ಒಳಗೆ ಕೂತು ಕೆಲಸ ಕಲಿತ ಕನ್ನಡಿಗ ಅವ್ರು. ಅನುಭವ ಮಂಟಪದ ಬಸವಣ್ಣನ ಮುಂದೆ ನಿಂತು ಫೋಟೋ ತೆಗೆಸ್ಕೊಂಡು ಬಂದು ನಮ್ಮ ವಾರ್ಡಿನ ಸಭೆ ನಮಗೆ ಬೇಡ ಅಂದ್ರೆ ಹೇಗೆ?

ಇನ್ನೊಂದು ಮಾತು, ಬೆಂಗಳೂರಿನಿಂದ ಬಂದವ್ರಿಗೆ. ಅಲ್ಲಿ ಬಿಬಿಎಂಪಿಗೆ 2015ರ ಆಗಸ್ಟ್‌ನಲ್ಲಿ ಎಲೆಕ್ಷನ್ ಆಯ್ತು, 2020ರ ಸೆಪ್ಟೆಂಬರ್‌ಗೆ ಅವಧಿ ಮುಗೀತು, ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್‌ಗಳೇ ಇಲ್ಲದೆ ಅಧಿಕಾರಿಗಳೇ ನಡೆಸಿದ್ರು. ನನ್ನ ತಂಗಿ ಜೆ.ಪಿ. ನಗರದಲ್ಲಿದಾಳೆ, ಮೋರಿ ತುಂಬಿದ್ರೆ ಯಾರಿಗೆ ಫೋನ್ ಮಾಡ್ಬೇಕು ಅಂತ ಗೊತ್ತಾಗದೆ ಒದ್ದಾಡ್ತಾಳೆ. ಓಟು ಹಾಕೋಕೆ ಅವಕಾಶನೇ ಕೊಡದೆ ಇರೋದು ಹೇಗಿರುತ್ತೆ ಅಂತ ಅವಳನ್ನ ಕೇಳಿ. ಇಲ್ಲಿ ನಮ್ಮ ವಾರ್ಡಿಗೆ ಇಬ್ರು ಕೌನ್ಸಿಲರ್ ಇದಾರೆ, ಇಮೇಲ್ ಅಡ್ರೆಸ್ ವೆಬ್‌ಸೈಟ್‌ನಲ್ಲೇ ಇದೆ, ಜನರ ಅಹವಾಲು ಕೇಳೋಕೆ ಕೂರ್ತಾರೆ, ಅದಕ್ಕೆ ಸರ್ಜರಿ ಅಂತಾರೆ, ಡಾಕ್ಟರ್‌ಗೂ ಅದಕ್ಕೂ ಸಂಬಂಧ ಇಲ್ಲ.

ರಿಜಿಸ್ಟರ್ ಆಗೋದು ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ, ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೈಲಿಟ್ಕೊಳ್ಳಿ ಸಾಕು. ಎಲೆಕ್ಷನ್‌ಗೆ 12 ವರ್ಕಿಂಗ್ ಡೇ ಮುಂಚೆ ಆಗಿರ್ಬೇಕು. ಮನೆ ಬದಲಾಯಿಸಿದ್ರೆ ಮತ್ತೆ ಮಾಡ್ಬೇಕು, ಇದನ್ನ ಬಾಡಿಗೆ ಮನೇಲಿರೋ ನಮ್ಮವ್ರು ತುಂಬಾ ಜನ ಮರೀತಾರೆ. ಗಂಡ ಮಾಡಿದ್ರೆ ಹೆಂಡತಿದೂ ಆಯ್ತು ಅಂತಲ್ಲ, ಒಬ್ಬೊಬ್ರೂ ಬೇರೆ ಬೇರೆ ಮಾಡ್ಬೇಕು. ಡಿಪೆಂಡೆಂಟ್ ವೀಸಾದಲ್ಲಿರೋ ಅಕ್ಕತಂಗಿಯರಿಗೆ ಇದನ್ನ ಮುಖ್ಯವಾಗಿ ಹೇಳ್ತಿದೀನಿ, ಆ ಓಟು ನಿಮ್ಮದು, ಯಾರ ಮೇಲೂ ಡಿಪೆಂಡೆಂಟ್ ಅಲ್ಲ.

ಸ್ಲೌನಲ್ಲಿ ಮುಂದಿನ ಸರದಿ 2027ರ ಮೇ. ನಮ್ಮ ಬೀದೀಲಿ ಕನ್ನಡದ ಮನೆ ಮೂರಿವೆ. ನಮ್ಮದಾಯ್ತು, ಎದುರು ಮನೆಯವ್ರದ್ದು ನಿನ್ನೆ ರಾತ್ರಿ ಮಾಡಿಸ್ದೆ, ಅವ್ರ ಮಗಳು ಈ ವರ್ಷ 18 ತುಂಬಿದವಳು, ಅವಳದ್ದೂ ಸೇರಿ ಮೂರು ಹೆಸರು. ಮೂಲೆ ಮನೆಯವ್ರು ಶನಿವಾರ ಸಂಜೆ ಬನ್ನಿ ಅಂದಿದಾರೆ, ಲ್ಯಾಪ್‌ಟಾಪ್ ತಗೊಂಡು ಹೋಗ್ತೀನಿ.